ಮಗಳಿಗೊಂದು ಪತ್ರ: ನೀನು ಹುಟ್ಟಿದ ವರ್ಷ ಗೆದ್ದಿದ್ದೇ ಕೊನೆ

ಪ್ರೀತಿಯ ಪುಟ್ಟಿ,

ನಿನ್ನ ಮೆಸೇಜ್ ನೋಡಿದೆ. "ಅಪ್ಪಾ, ಮುಂದಿನ ವರ್ಷಕ್ಕೂ ಆ ಕ್ಲಬ್‌ಗೆ ದುಡ್ಡು ಕಟ್ಟಿದ್ಯಾ? ಸಾವಿರದ ನಾನೂರು ಜನ ಇರೋ ಹಳ್ಳಿ ಗೆದ್ದುಬಿಡ್ತು, ನಿಮ್ಮದು ಇಷ್ಟು ದೊಡ್ಡ ಊರು!" ಕೊನೆಗೆ ನಗುವ ಮುಖ ಮೂರು. ಕ್ಲಬ್ ಅಂದರೆ ನಮ್ಮ ಗೋಥೆನ್‌ಬರ್ಗ್‌ನ ಫುಟ್‌ಬಾಲ್ ಕ್ಲಬ್ ಐಎಫ್‌ಕೆ, ಹಳ್ಳಿ ಅಂದರೆ 2025ರಲ್ಲಿ ಸ್ವೀಡನ್ ಲೀಗ್ ಗೆದ್ದ ಮ್ಯೆಲ್ಬಿ. ಲುಂಡ್‌ಗೆ ಓದಲು ಹೋಗಿ ಮೂರು ತಿಂಗಳಾಗಿಲ್ಲ, ಆಗಲೇ ರೂಂಮೇಟ್‌ಗಳಿಂದ ಪಕ್ಕದೂರು ಮಾಲ್ಮೋದ ಕ್ಲಬ್ಬಿನ ಗಾಳಿ ಬಡಿದಿದೆ. "ನಿಮ್ಮದು" ಅಂತ ಬರೆದಿದ್ದೀಯಲ್ಲ, ಅದು ಸ್ವಲ್ಪ ಚುಚ್ಚಿತು.

ಕಟ್ಟಿದ್ದೇನೆ. ಯಾಕೆ ಅಂತ ಫೋನಿನಲ್ಲಿ ಹೇಳಿದರೆ ನೀನು "ಹ್ಞೂಂ, ಹ್ಞೂಂ" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹುಟ್ಟಿ ಒಂದು ತಿಂಗಳು ಆಗಿತ್ತು. 2007ರ ಅಕ್ಟೋಬರ್ ಕೊನೆ. ಮೈಸೂರಿನಿಂದ ಅಜ್ಜಿ ಬಾಣಂತನಕ್ಕೆ ಬಂದಿದ್ದರು. ಸಂಜೆ ಹೊತ್ತಿಗೆ ರಸ್ತೆ ತುಂಬಾ ಕಾರುಗಳ ಹಾರ್ನ್, ಕೂಗಾಟ. ಸಾಮಾನ್ಯವಾಗಿ ಇಲ್ಲಿ ಹಾರ್ನ್ ಹೊಡೆದರೆ ಯಾರೋ ಸತ್ತರೇನೋ ಅನ್ನುವ ಹಾಗೆ ನೋಡುತ್ತಾರೆ. ಅಜ್ಜಿ ಕಿಟಕಿ ಹತ್ತಿರ ಹೋಗಿ "ಮದುವೆ ದಿಬ್ಬಣಾನಾ?" ಅಂತ ಕೇಳಿದರು. ಅಲ್ಲ. ಐಎಫ್‌ಕೆ ಗೋಥೆನ್‌ಬರ್ಗ್ ಹನ್ನೊಂದು ವರ್ಷದ ಮೇಲೆ ಸ್ವೀಡನ್ನಿನ ಚಾಂಪಿಯನ್ ಆಗಿತ್ತು. ಅದು ಅವರ ಹದಿನೆಂಟನೇ ಚಿನ್ನ. ನಾನು ಮೈದಾನದಲ್ಲಿರಲಿಲ್ಲ, ನಿನ್ನ ಬಟ್ಟೆ ಒಗೆಯುತ್ತಿದ್ದೆ. ಸದಸ್ಯನಾಗಿದ್ದು ಮುಂದಿನ ವರ್ಷ. ಆಮೇಲೆ ಇವತ್ತಿನವರೆಗೂ ಲೀಗ್ ಗೆದ್ದಿಲ್ಲ. ಅಂದರೆ ನೀನೂ ನೋಡಿಲ್ಲ, ನಾನೂ ನೋಡಿಲ್ಲ. ನನಗೆ ಮಾತ್ರ ಎಲ್ಲ ಗೊತ್ತಿರುವ ಹಾಗೆ ಮಾತಾಡುತ್ತೇನೆ, ಅಷ್ಟೇ.

ಗೊತ್ತಾಗಿದ್ದು ಆಫೀಸಿನ ಒಬ್ಬ ಹಿರಿಯರಿಂದ. ನಾನು ಬಂದ ಹೊಸದರಲ್ಲಿ ನನಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟ ಗೊತ್ತಿರಲಿಲ್ಲ. ಕಾಫಿ ಹೊತ್ತಿನಲ್ಲಿ ಅವರು ಕ್ಲಬ್‌ನ ಕಥೆ ಹೇಳುವರು. ನಮ್ಮೂರಿನಲ್ಲಿ ಹಿರಿಯರು ಹಳೇ ದಸರಾ ಬಗ್ಗೆ ಹೇಳುತ್ತಾರಲ್ಲ, ಹಾಗೆ. ನಡುನಡುವೆ ಬನ್ ತುಂಡು ಬಾಯಿಗೆ ಹಾಕಿಕೊಂಡು, ಆತುರವೇ ಇಲ್ಲದೆ.

ಮೊದಲು ಹೆಸರು. ಐಎಫ್‌ಕೆಯಲ್ಲಿ ಕೊನೆಯ ಅಕ್ಷರ 'ಕಮ್ರಾತೆರ್ನಾ', ಅಂದರೆ ಗೆಳೆಯರು. ನಮ್ಮ ಕಡೆ ಬೀದಿಗೊಂದು ಗೆಳೆಯರ ಬಳಗ ಇರುತ್ತದಲ್ವಾ, ಅದೇ. 1895ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ಶಾಲಾ ಹುಡುಗರು ಶುರು ಮಾಡಿದ ಈ ಬಳಗ ಊರೂರಿಗೆ ಹಬ್ಬಿತು. ಗೋಥೆನ್‌ಬರ್ಗ್‌ನದ್ದು ಹುಟ್ಟಿದ್ದು 1904ರ ಅಕ್ಟೋಬರ್ 4ರಂದು, ಅನ್ನೆದಾಲ್ ಅನ್ನುವ ಕೂಲಿಕಾರರ ಕೇರಿಯ ಒಂದು ಕಾಫಿ ಅಂಗಡಿಯಲ್ಲಿ. ಆ ಹೊತ್ತಿಗೆ ಊರಿನಲ್ಲಿ ಫುಟ್‌ಬಾಲ್ ಹೊಸದೇನೂ ಅಲ್ಲ. ಬಟ್ಟೆ ಗಿರಣಿಗೆ ಬಂದ ಸ್ಕಾಟ್ಲೆಂಡಿನವರು ಓರ್‌ಗ್ರೂತೆ ಕ್ಲಬ್‌ಗೆ ಆಡುತ್ತಿದ್ದರು. ಆದರೆ ಓರ್‌ಗ್ರೂತೆ ಉಳ್ಳವರ ಕ್ಲಬ್ ಅನ್ನಿಸಿಕೊಂಡಿತ್ತು. ಅನ್ನೆದಾಲ್ ಹುಡುಗರದ್ದು ಬೇರೆ ಗುಂಪು, ನೀಲಿ-ಬಿಳಿ ಅಂಗಿ. ಅದಕ್ಕೇ ಈಗಲೂ ಜನ 'ಬ್ಲೋವಿತ್' ಅನ್ನುವುದು, ನೀಲಿಬಿಳಿ. ನಾಲ್ಕೇ ವರ್ಷಕ್ಕೆ, 1908ರಲ್ಲಿ, ಆ ಹುಡುಗರು ಸ್ವೀಡನ್ ಚಾಂಪಿಯನ್ ಆದರು.

ಹಳೆಯ ಆಟಗಾರರಲ್ಲಿ ಇಬ್ಬರನ್ನು ಮಾತ್ರ ಹೇಳುತ್ತೇನೆ. ಒಬ್ಬ ಫಿಲಿಪ್ ಯೋಹಾನ್ಸನ್. 1924-25ರ ಒಂದೇ ಸೀಸನ್‌ನಲ್ಲಿ 39 ಗೋಲು ಹೊಡೆದ. ನೂರು ವರ್ಷ ಆಯಿತು, ಆ ದಾಖಲೆ ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ಇನ್ನೊಬ್ಬ ಗುನ್ನಾರ್ ಗ್ರೆನ್. ಮೈದಾನದ ಹೊರಗೆ ಪ್ರತಿಮೆಯಾಗಿ ನಿಂತಿದ್ದಾನಲ್ಲ, ಚಿಕ್ಕವಳಿದ್ದಾಗ ನೀನು ಅವನ ಶೂ ಹಿಡಿದು ನೇತಾಡುತ್ತಿದ್ದೆ, ಅವನೇ. 'ಪ್ರೊಫೆಸರ್' ಅನ್ನುತ್ತಿದ್ದರು. ಇಲ್ಲಿಂದ 1949ರಲ್ಲಿ ಮಿಲಾನ್‌ಗೆ ಹೋದ. 1958ರ ವಿಶ್ವಕಪ್ ಫೈನಲ್‌ನಲ್ಲಿ ಸ್ವೀಡನ್ ಪರ ಆಡಿದಾಗ ಅವನಿಗೆ 37 ವರ್ಷ. ಎದುರು ತಂಡದಲ್ಲಿ 17 ವರ್ಷದ ಹುಡುಗ ಒಬ್ಬ, ಪೆಲೆ. ಆ ಪೆಲೆ ವಿಶ್ವಕಪ್‌ನ ಮೊದಲ ಪಂದ್ಯ ಆಡಿದ್ದು, ಮೊದಲ ಗೋಲು ಹೊಡೆದಿದ್ದು ಎರಡೂ ನಮ್ಮ ಗೋಥೆನ್‌ಬರ್ಗ್‌ನ ಉಲ್ಲೇವಿ ಮೈದಾನದಲ್ಲೇ. ಬೆಂಗಳೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆ ತೋರಿಸಿದ್ದೆನಲ್ಲ, ಆಗ ಇದನ್ನು ಹೇಳಬೇಕಿತ್ತು. ನೀನು ಎಳನೀರು ಬೇಕು ಅಂತ ಹಟ ಹಿಡಿದಿದ್ದೆ, ಮರೆತೇ ಹೋಯಿತು.

ಬರೀ ಗೆದ್ದ ಕಥೆ ಅಲ್ಲ. 1969ರಲ್ಲಿ ಚಾಂಪಿಯನ್ ಆದವರು 1970ರಲ್ಲಿ ಎರಡನೇ ದರ್ಜೆಗೆ ಬಿದ್ದರು. ಒಂದೇ ವರ್ಷದಲ್ಲಿ! ಕೊನೆಯ ಪಂದ್ಯದ ದಿನ ಜನ ಸಿಟ್ಟಿಗೆದ್ದು ಮೈದಾನಕ್ಕೆ ನುಗ್ಗಿ ಗೋಲುಕಂಬ ಕೆಡವಿದರು. ಮೇಲೆ ಬರಲು 1977 ಆಗಬೇಕಾಯಿತು. ನಮ್ಮ ಹಿರಿಯರು ಈ ಭಾಗ ಬಂದಾಗ ಬನ್ ಪಕ್ಕಕ್ಕಿಟ್ಟು ಸುಮ್ಮನಾಗುವರು.

ಈಗ ನಿಜವಾದ ಕಥೆಗೆ ಬರುತ್ತೇನೆ.

1979ರಲ್ಲಿ ದೆಗೆರ್‌ಫೋರ್ಸ್ ಅನ್ನುವ ಸಣ್ಣ ಊರಿನ ತಂಡದಿಂದ ಒಬ್ಬ ಕೋಚ್ ಬಂದ. ಸ್ವೆನ್-ಗೋರಾನ್ ಎರಿಕ್ಸನ್. ಬರುವಾಗ ವಯಸ್ಸು ಮೂವತ್ತು, ಮೂವತ್ತೊಂದು. ಮುಂದೆ ಇಂಗ್ಲೆಂಡ್ ತಂಡದ ಕೋಚ್ ಆದ, 2024ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ನಾನು ಟಿವಿ ಮುಂದೆ ಕೂತೇ ಇದ್ದೆನಲ್ಲ, ಅವನೇ. ಆಗ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಅವನ ಆಟ ಅಂದರೆ, ಎಲ್ಲರೂ ಸಾಲಾಗಿ ನಿಲ್ಲಬೇಕು, ಚೆಂಡು ಕಳೆದುಕೊಂಡರೆ ಎಲ್ಲರೂ ಒಟ್ಟಿಗೆ ಮುತ್ತಬೇಕು, ಹತ್ತು ಜನಕ್ಕೂ ಓಟ. ತಾರೆಗಳಿಗೆ ಇಲ್ಲಿ ಜಾಗ ಇಲ್ಲ. ಇದು ನೋಡಲು ಚೆನ್ನಾಗಿಲ್ಲ ಅಂತ ಶುರುವಿನಲ್ಲಿ ಜನ ಗೊಣಗಿದರು. ಆದರೆ ಅದೇ ವರ್ಷ ಸ್ವೀಡಿಷ್ ಕಪ್ ಬಂತು, ಕ್ಲಬ್ ಚರಿತ್ರೆಯಲ್ಲಿ ಮೊದಲ ಸಲ.

1982ರ ಹೊತ್ತಿಗೆ ಆಟ ಚೆನ್ನಾಗಿತ್ತು, ಖಜಾನೆ ಖಾಲಿ. ಯುರೋಪಿನ ಕ್ಲಬ್‌ಗಳು ಆಡುವ ಯುಇಎಫ್‌ಎ ಕಪ್‌ನ ಕ್ವಾರ್ಟರ್‌ಫೈನಲ್‌ಗೆ ಸ್ಪೇನಿನ ವೆಲೆನ್ಸಿಯಾಕ್ಕೆ ಹೋಗಬೇಕು. ಕ್ಲಬ್ ದಿವಾಳಿ ಅಂಚಿನಲ್ಲಿದೆ. ಪ್ರಯಾಣದ ದುಡ್ಡನ್ನು ಅಭಿಮಾನಿಗಳ ಸಂಘದಿಂದ ಸಾಲ ಎತ್ತಿದರು ಅನ್ನುವುದು ಈ ಊರಲ್ಲಿ ಎಲ್ಲರ ಬಾಯಲ್ಲಿರುವ ಮಾತು. ಹೆಚ್ಚಿನ ಆಟಗಾರರಿಗೆ ಹಗಲು ಬೇರೆ ಕೆಲಸ. ಡ್ಯೂಟಿ ಮುಗಿಸಿ ಪ್ರಾಕ್ಟೀಸಿಗೆ ಬರಬೇಕು. ನಮ್ಮ ರೈಲ್ವೆ, ಬ್ಯಾಂಕ್ ತಂಡಗಳ ಥರ ಅಂದುಕೋ.

ವೆಲೆನ್ಸಿಯಾದಲ್ಲಿ 2-2, ಮನೆಯಲ್ಲಿ 2-0. ಸೆಮಿಫೈನಲ್‌ನಲ್ಲಿ ಜರ್ಮನಿಯ ಕೈಸರ್ಸ್‌ಲೌಟರ್ನ್, ಅದೂ ಮುಗಿಯಿತು. ಫೈನಲ್‌ನಲ್ಲಿ ಹ್ಯಾಂಬರ್ಗ್. ಮೊದಲ ಪಂದ್ಯ ಉಲ್ಲೇವಿಯಲ್ಲಿ, ಮೇ 5. ಮಳೆ ಸುರಿದು ಮೈದಾನ ಕೆಸರುಗದ್ದೆ. ನಲವತ್ತೆರಡು ಸಾವಿರ ಜನ ತೊಯ್ದುಕೊಂಡು ನಿಂತಿದ್ದರು, ಅದರಲ್ಲಿ ನಮ್ಮ ಹಿರಿಯರೂ ಒಬ್ಬರು. ಮುಗಿಯಲು ಎರಡು ಮೂರು ನಿಮಿಷ ಇದೆ ಅನ್ನುವಾಗ ಟೋರ್ಡ್ ಹೋಲ್ಮ್‌ಗ್ರೆನ್ ಗೋಲು. 1-0. ಹ್ಯಾಂಬರ್ಗ್‌ನವರಿಗೆ ಇದೇನು ಮಹಾ, ನಮ್ಮೂರಲ್ಲಿ ನೋಡಿಕೊಳ್ಳೋಣ ಅನ್ನಿಸಿರಬೇಕು. ಎರಡು ವಾರದ ಮೇಲೆ ಅವರ ಮೈದಾನದಲ್ಲೇ 3-0. ಕಾರ್ನೇಲಿಯುಸನ್, ಟೋರ್‌ಬ್ಯೋರ್ನ್ ನಿಲ್ಸನ್, ಆಮೇಲೆ ಫ್ರೆಡ್ರಿಕ್ಸನ್ ಪೆನಾಲ್ಟಿ. ಇಡೀ ಟೂರ್ನಿಯಲ್ಲಿ ಒಂದು ಪಂದ್ಯವನ್ನೂ ಸೋಲದೆ ಕಪ್ ತಂದರು. ಅದೇ ವರ್ಷ ಲೀಗ್, ಸ್ವೀಡಿಷ್ ಕಪ್ ಎರಡೂ.

ಆ ಕಾಲದ ತಂಡದಲ್ಲಿ ಗ್ಲೆನ್ ಅನ್ನುವವರು ನಾಲ್ವರು. ಹ್ಯೂಸೇನ್, ಸ್ಟ್ರೋಮ್‌ಬೆರಿ, ಹೋಲ್ಮ್, ಶಿಲ್ಲರ್. "ಗೋಥೆನ್‌ಬರ್ಗ್‌ನಲ್ಲಿ ಎಲ್ಲರ ಹೆಸರೂ ಗ್ಲೆನ್" ಅನ್ನುವ ತಮಾಷೆ ಅಲ್ಲಿಂದಲೇ ಬಂದದ್ದು. ನಮ್ಮ ಕ್ಲಾಸಿನಲ್ಲಿ ಮಂಜುನಾಥ ಅಂದರೆ ಐದು ಜನ ಎದ್ದು ನಿಲ್ಲುತ್ತಿದ್ದ ಹಾಗೆ.

ಗೆದ್ದ ಮೇಲೆ ಏನಾಯಿತು? ಕೋಚ್ ಪೋರ್ಚುಗಲ್‌ನ ಬೆನ್ಫಿಕಾ ಕ್ಲಬ್‌ಗೆ ಹೋದ. ಸ್ಟ್ರೋಮ್‌ಬೆರಿಯೂ ಅಲ್ಲಿಗೇ. ನಿಲ್ಸನ್, ಕಾರ್ನೇಲಿಯುಸನ್ ಜರ್ಮನಿಗೆ. ತಂಡ ಕರಗಿತು. ಇಷ್ಟಾದರೂ 1986ರಲ್ಲಿ ಯುರೋಪಿಯನ್ ಕಪ್ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಇಲ್ಲಿ 3-0 ಸೋಲಿಸಿದರು. ಅಲ್ಲಿ ಹೋಗಿ 3-0 ಸೋತು ಪೆನಾಲ್ಟಿಯಲ್ಲಿ ಕಳೆದುಕೊಂಡರು. ಹಿರಿಯರು ಇದನ್ನು ಎಷ್ಟು ಸಲ ಹೇಳಿದರೂ, ಈ ಸಲ ಗೆಲ್ಲುತ್ತಾರೇನೋ ಅನ್ನುವ ಹಾಗೆ ಹೇಳುವರು.

ಮರುವರ್ಷ, 1987ರಲ್ಲಿ, ಮತ್ತೆ ಯುಇಎಫ್‌ಎ ಕಪ್ ಬಂತು. ಈ ಸಲವೂ ಒಂದೂ ಸೋಲಿಲ್ಲ. ದಾರಿಯಲ್ಲಿ ಇಟಲಿಯ ಇಂಟರ್ ಬಿತ್ತು. ಫೈನಲ್ ಸ್ಕಾಟ್ಲೆಂಡಿನ ಡಂಡೀ ಯುನೈಟೆಡ್ ಜೊತೆ. ಇಲ್ಲಿ 1-0, ಅಲ್ಲಿ 1-1. ಪುಟ್ಟಿ, ಇದನ್ನು ಸ್ವಲ್ಪ ನಿಧಾನವಾಗಿ ಓದು. ಡಂಡೀ ಸಣ್ಣ ಊರು, ಸಣ್ಣ ಕ್ಲಬ್. ಅವರೂ ಆ ಸಲ ಬಾರ್ಸಿಲೋನಾವನ್ನು ಹೊಡೆದು ಬಂದವರು. ಸ್ವಂತ ಮೈದಾನದಲ್ಲಿ ಕಪ್ ಕೈತಪ್ಪಿತು. ಆದರೆ ಅಲ್ಲಿನ ಜನ ಎದ್ದು ಮನೆಗೆ ಹೋಗಲಿಲ್ಲ. ನಿಂತು ನಮ್ಮ ನೀಲಿಬಿಳಿಯವರಿಗೆ ಚಪ್ಪಾಳೆ ತಟ್ಟಿದರು. ಆ ವರ್ಷ ಫಿಫಾ ತನ್ನ ಫೇರ್ ಪ್ಲೇ ಪ್ರಶಸ್ತಿಯನ್ನು ಕೊಟ್ಟಿದ್ದು ಡಂಡೀ ಅಭಿಮಾನಿಗಳಿಗೆ.

ಆಮೇಲಿನದ್ದು ಬೇಗ ಹೇಳುತ್ತೇನೆ. 1990ರಿಂದ 1996ರವರೆಗೆ ಏಳು ವರ್ಷದಲ್ಲಿ ಆರು ಸಲ ಲೀಗ್ ಚಿನ್ನ. 1994ರ ಚಾಂಪಿಯನ್ಸ್ ಲೀಗ್‌ನಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್, ಬಾರ್ಸಿಲೋನಾ, ಗಲಾತಸರಾಯ್ ಇದ್ದ ಗುಂಪಿನಲ್ಲಿ ಮೊದಲ ಸ್ಥಾನ. ಮ್ಯಾಂಚೆಸ್ಟರ್‌ನವರು ಇಲ್ಲಿ 3-1 ಸೋತರು. ಆಮೇಲೆ ಜರ್ಮನಿಯ ಬಾಯರ್ನ್ ಜೊತೆ 0-0, 2-2 ಆಗಿ, ಎದುರಾಳಿ ನೆಲದಲ್ಲಿ ಯಾರು ಹೆಚ್ಚು ಗೋಲು ಹೊಡೆದರು ಅನ್ನುವ ಲೆಕ್ಕದಲ್ಲಿ ಹೊರಗೆ. 1995ರ ಡಿಸೆಂಬರ್‌ನಲ್ಲಿ ಬಾಸ್ಮನ್ ತೀರ್ಪು ಬಂತು. ಒಪ್ಪಂದ ಮುಗಿದ ಆಟಗಾರ ಯುರೋಪಿಯನ್ ಒಕ್ಕೂಟದೊಳಗೆ ಎಲ್ಲಿಗೆ ಬೇಕಾದರೂ ಪುಕ್ಕಟೆ ಹೋಗಬಹುದು. ಆಟಗಾರನಿಗೆ ಅದು ನ್ಯಾಯವೇ. ಆದರೆ ದುಡ್ಡು ಇದ್ದ ಕಡೆ ಎಲ್ಲ ಹರಿದು ಹೋಯಿತು. ಇಲ್ಲಿ ಹುಡುಗ ಒಂದು ಸೀಸನ್ ಚೆನ್ನಾಗಿ ಆಡಿದರೆ ಸಾಕು, ಮರುವರ್ಷ ಕಾಣುವುದಿಲ್ಲ.

ಹಾಗಾದರೆ ಯಾರಾದರೂ ಕುಬೇರ ಬಂದು ಕೊಂಡುಕೊಳ್ಳಲಿ ಅಂತ ನೀನು ಕೇಳಬಹುದು. ಇಲ್ಲಿ ಆಗುವುದಿಲ್ಲ. 51 ಪರ್ಸೆಂಟ್ ಮತ ಸದಸ್ಯರ ಸಂಘದ ಕೈಯಲ್ಲೇ ಇರಬೇಕು ಅನ್ನುವುದು ಸ್ವೀಡನ್ನಿನ ನಿಯಮ. 2013ರಲ್ಲಿ ಬದಲಾಯಿಸುವ ಮಾತು ಬಂದಾಗಲೂ ಕ್ರೀಡಾ ಒಕ್ಕೂಟ ಒಪ್ಪಲಿಲ್ಲ. ವಿಎಆರ್, ಅಂದರೆ ವಿಡಿಯೊ ನೋಡಿ ತೀರ್ಪು ಕೊಡುವ ಪದ್ಧತಿ, ಬೇಡ ಅಂದದ್ದೂ ಹೀಗೇ. ಕ್ಲಬ್‌ಗಳ ಸಭೆಗಳಲ್ಲಿ ಸದಸ್ಯರು ಕೈ ಎತ್ತಿ ಬೇಡ ಅಂದರು, 2024ರಲ್ಲಿ ಇಡೀ ಲೀಗೇ ಅದಿಲ್ಲದೆ ಆಡುವುದು ಅಂತ ಆಯಿತು. ನಾನೂ ಬೇಡ ಅನ್ನುವವನೇ. ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿತು. ಆಫೀಸಿನಲ್ಲಿ ನನ್ನ ಮಾತಿಗೆ ಎಷ್ಟು ಬೆಲೆ ಅಂತ ಗೊತ್ತು. ಆ ಸಭೆಯಲ್ಲಿ ಮಾತ್ರ ನನ್ನ ಕೈಗೂ, ಪಕ್ಕದ ಗ್ಲೆನ್‌ನ ಕೈಗೂ ಒಂದೇ ಲೆಕ್ಕ. ಹ್ಞಾಂ, ಪಕ್ಕದಲ್ಲಿ ಕೂರುವವರ ಹೆಸರು ನಿಜವಾಗಿಯೂ ಗ್ಲೆನ್.

ಪೂರ್ತಿ ಏನೂ ಗೆದ್ದಿಲ್ಲ ಅನ್ನಬೇಡ ಮತ್ತೆ. 2007ರ ಮೇಲೆ ಸ್ವೀಡಿಷ್ ಕಪ್ ನಾಲ್ಕು ಸಲ ಬಂದಿದೆ. 2020ರ ಫೈನಲ್‌ನಲ್ಲಿ ಸೋತವರು ಯಾರು ಅಂತ ರೂಂಮೇಟ್‌ಗಳನ್ನು ಕೇಳು. ಮಾಲ್ಮೋ. ಕೊರೋನಾ ಅಂತ ಜನರನ್ನು ಒಳಗೆ ಬಿಡಲಿಲ್ಲ, ಅದನ್ನೂ ನಾನು ಸೋಫಾದ ಮೇಲೆ ಕೂತೇ ನೋಡಿದೆ. ನನ್ನ ಹಣೆಬರಹ.

ಈಗ ಮ್ಯೆಲ್ಬಿ. 2025ರ ಅಕ್ಟೋಬರ್ 20ರ ಆ ರಾತ್ರಿ ನಾನು ನಮ್ಮ ಈಗಿನ ಮೈದಾನ ಗಮ್ಲಾ ಉಲ್ಲೇವಿಯಲ್ಲಿದ್ದೆ. ಹೆಸರೇನೋ 'ಹಳೇ ಉಲ್ಲೇವಿ', ತೆರೆದದ್ದು 2009ರಲ್ಲಿ, ಇದನ್ನು ಅಜ್ಜಿಗೆ ವಿವರಿಸಲು ನನ್ನಿಂದ ಇನ್ನೂ ಆಗಿಲ್ಲ. ಎದುರು ಮ್ಯೆಲ್ಬಿ: ಸಮುದ್ರದ ಪಕ್ಕ ಮೈದಾನ, ಮೀನುಗಾರರ ಊರು, 1939ರ ಕ್ಲಬ್, ಒಂದು ಸಲವೂ ಚಾಂಪಿಯನ್ ಆಗಿಲ್ಲದವರು. ಕೋಚ್ ಹಿಂದೆ ಶಾಲೆಯಲ್ಲಿ ಕೆಲಸ ಮಾಡಿದವರು. ಅವರು ನಮ್ಮ ಮನೆಗೇ ಬಂದು 2-0 ಗೆದ್ದರು, ಇನ್ನೂ ಮೂರು ಸುತ್ತು ಇರುವಾಗಲೇ ಚಿನ್ನ ಅವರದ್ದಾಯಿತು. ನಮ್ಮ ಹುಲ್ಲಿನ ಮೇಲೆ ಅವರು ಕುಣಿದರು.

ಮೊದಲು ನನಗೂ ಹೊಟ್ಟೆ ಉರಿಯಿತು, ಸುಳ್ಳು ಹೇಳುವುದಿಲ್ಲ. ಎದ್ದು ಬ್ಯಾಗ್ ಹೆಗಲಿಗೆ ಹಾಕಿಕೊಂಡೆ. ಆಗ ಹ್ಯಾಂಬರ್ಗ್ ನೆನಪಾಯಿತು. ಸಾಲ ಮಾಡಿ ಬಂದವರು ನಮ್ಮ ಕಪ್ ತಗೊಂಡು ಹೋದರಲ್ಲಾ ಅಂತ 1982ರಲ್ಲಿ ಅವರು ಹೀಗೇ ನೋಡುತ್ತಾ ನಿಂತಿರಬೇಕು. ಆಮೇಲೆ ಡಂಡೀಯವರು ನೆನಪಾದರು. ಬ್ಯಾಗ್ ಕೆಳಗಿಟ್ಟು ಚಪ್ಪಾಳೆ ತಟ್ಟಿದೆ. ಗ್ಲೆನ್ ನನ್ನನ್ನು ಒಂದು ಥರ ನೋಡಿದರು. ಸ್ವಲ್ಪ ಹೊತ್ತಾದ ಮೇಲೆ ಅವರೂ ತಟ್ಟಿದರು, ಕೈಗವಸು ಹಾಕಿಕೊಂಡೇ. ಶಬ್ದ ಬರಲಿಲ್ಲ.

ನಿನ್ನ ಹೆಸರಿನಲ್ಲೂ ಸದಸ್ಯತ್ವ ಕಟ್ಟಿದ್ದೇನೆ. ರೂಂಮೇಟ್‌ಗಳಿಗೆ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ಅಮ್ಮ ಚಕ್ಕುಲಿ, ಚಟ್ನಿಪುಡಿ ಕಳಿಸಿದ್ದಾಳೆ. ಪಾರ್ಸೆಲ್ ಕೆಳಗಡೆ ನೀಲಿಬಿಳಿ ಮಫ್ಲರ್ ಇದೆ. ಅದು ಹಿರಿಯರು ರಿಟೈರ್ ಆಗುವಾಗ ನನಗೆ ಕೊಟ್ಟಿದ್ದು, 1982ರದ್ದು. ಬಿಸಿನೀರಿನಲ್ಲಿ ಒಗೆಯಬೇಡ, ಬಣ್ಣ ಬಿಡುತ್ತದೆ.

ಪ್ರೀತಿಯಿಂದ,
ಅಪ್ಪ