ಗೆರೆ ಸರಿಯಿತ್ತು, ಸಿರಿಂಜ್ ಬೇರೆಯಿತ್ತು

ಮಾನ್ಯ ಸಂಪಾದಕರೇ,

ನರ್ಸಿಂಗ್, ಫಾರ್ಮಸಿ, ಲ್ಯಾಬ್ ಟೆಕ್ನೀಷಿಯನ್ ಕೋರ್ಸುಗಳ ಪ್ರವೇಶದ ಜಾಹೀರಾತುಗಳು ಈಗ ದಿನವೂ ಜಿಲ್ಲಾ ಪುಟದಲ್ಲಿ ಕಾಣುತ್ತಿವೆ. ನಮ್ಮ ಶಿರಸಿ, ಸಿದ್ದಾಪುರ ಕಡೆಯಿಂದ, ಘಟ್ಟದ ಕೆಳಗಿನ ಕುಮಟಾ, ಅಂಕೋಲಾ, ಕಾರವಾರದಿಂದ ಈ ವರ್ಷವೂ ಎಷ್ಟೋ ಮಕ್ಕಳು ಈ ಕಲಿಕೆಗೆ ಹೊರಡುತ್ತಾರೆ. ಅವರಲ್ಲಿ ಬಹಳ ಮಂದಿ ಹತ್ತನೇ ಇಯತ್ತೆಯವರೆಗೆ ಕನ್ನಡ ಶಾಲೆಯಲ್ಲೇ ಓದಿದವರು. ಮೊದಲ ವರ್ಷದಲ್ಲಿ ಅವರಿಗೆ ಒಂದು ಸಣ್ಣ ಪಾಠ ಬರುತ್ತದೆ: ಅಳತೆಗಳು, ಒಂದು ಅಳತೆಯನ್ನು ಇನ್ನೊಂದಕ್ಕೆ ಬದಲಿಸುವ ಲೆಕ್ಕ. ಇಂಗ್ಲಿಷಿನ ಒಂದು ಕೋಷ್ಟಕ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ಸರ್ಕಾರಿ ಆಸ್ಪತ್ರೆಗಳಲ್ಲಿ 31 ವರ್ಷ ಶುಶ್ರೂಷಕಿಯಾಗಿ ದುಡಿದ ನಾನು ಆ ಒಂದು ಪಾಠದ ಬಗ್ಗೆಯೇ ಬರೆಯುತ್ತಿದ್ದೇನೆ.

ಕರಾವಳಿಯ ಒಂದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಸಕ್ಕರೆ ಕಾಯಿಲೆಯ ಅಜ್ಜ ಒಬ್ಬರು ವಾರ್ಡಿನಲ್ಲಿದ್ದರು. ಇನ್ಸುಲಿನ್ನನ್ನು ಮಗ ಹೊರಗಿನ ಅಂಗಡಿಯಿಂದ ತಂದುಕೊಟ್ಟಿದ್ದ. ಚೀಟಿಯಲ್ಲಿ 10 ಯೂನಿಟ್ ಎಂದಿತ್ತು. ತರಬೇತಿಗೆ ಬಂದಿದ್ದ ಹುಡುಗಿ ಸಿರಿಂಜನ್ನು ದೀಪಕ್ಕೆ ಹಿಡಿದು, ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ, ಕಪ್ಪು ಗೆರೆ 10ರ ಮೇಲೆ ಕೂರುವಂತೆ ನಿಲ್ಲಿಸಿ ನನಗೆ ತೋರಿಸಿದಳು. ನಾನು ಗೆರೆ ನೋಡಿ ಹೂಂ ಎಂದೆ. ಎರಡು ತಾಸಿನಲ್ಲಿ ಅಜ್ಜನ ಅಂಗಿ ಬೆವರಿನಿಂದ ತೊಯ್ದುಹೋಯಿತು, ಕೈ ನಡುಗತೊಡಗಿತು, ಮಾತು ತಡವರಿಸಿತು. ಬೆರಳು ಚುಚ್ಚಿ ನೋಡಿದರೆ ಸಕ್ಕರೆ 48ಕ್ಕೆ ಇಳಿದಿತ್ತು. ಡಾಕ್ಟರು ಓಡಿಬಂದು ನರಕ್ಕೆ ಡೆಕ್ಸ್ಟ್ರೋಸ್, ಅಂದರೆ ಸಕ್ಕರೆಯ ದ್ರಾವಣ, ಕೊಟ್ಟರು. ಬೆಳಗಾಗುವ ಹೊತ್ತಿಗೆ ಅಜ್ಜ ಎದ್ದು ಕೂತು ಚಹ ಕೇಳಿದರು.

ಆಮೇಲೆ ಟ್ರೇಯಲ್ಲಿದ್ದ ಸಿರಿಂಜ್ ಎತ್ತಿ ನೋಡಿದೆ. ಕೆಂಪು ಮುಚ್ಚಳ, ಅಂದರೆ ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್ನಿಗಾಗಿ ಮಾಡಿದ್ದು. ಮಗ ತಂದ ಬಾಟಲಿಯ ಮೇಲೆ ಒಂದು ಎಂಎಲ್‌ಗೆ 100 ಯೂನಿಟ್ ಎಂದಿತ್ತು. ಅದಕ್ಕೆ ಕಿತ್ತಳೆ ಮುಚ್ಚಳದ ಸಿರಿಂಜ್ ಬೇಕು. ಕೆಂಪು ಸಿರಿಂಜಿನಲ್ಲಿ 10ರ ಗೆರೆ ಎಂದರೆ ಕಾಲು ಎಂಎಲ್. ಆ ಕಾಲು ಎಂಎಲ್‌ನಲ್ಲಿ ಅಜ್ಜನ ಮೈಗೆ ಹೋದದ್ದು 10 ಯೂನಿಟ್ ಅಲ್ಲ, 25. ಇದೇ ತಪ್ಪು ತಿರುವುಮುರುವಾದರೆ, ಕಿತ್ತಳೆ ಸಿರಿಂಜಿನಲ್ಲಿ 40ರ ಇನ್ಸುಲಿನ್ ಎಳೆದರೆ, 10ರ ಬದಲು 4 ಯೂನಿಟ್ ಮಾತ್ರ ಹೋಗಿ ಸಕ್ಕರೆ ಇಳಿಯುವುದೇ ಇಲ್ಲ.

ಆ ಹುಡುಗಿ ದಡ್ಡಿಯಲ್ಲ. ಕೋಷ್ಟಕ ಪೂರಾ ಬಾಯಿಗೆ ಬರುತ್ತಿತ್ತು. ಗೆರೆಯ ಮೇಲಿನ ಸಂಖ್ಯೆ ಯಾವ ಬಾಟಲಿಗೆ ಹೇಳಿದ್ದು ಎಂದು ಬಾಟಲಿಯನ್ನೂ ಸಿರಿಂಜನ್ನೂ ಒಟ್ಟಿಗೆ ಕೈಗೆ ಕೊಟ್ಟು ಯಾರೂ ತೋರಿಸಿರಲಿಲ್ಲ. ಆ ರಾತ್ರಿ ನಾನೂ ಗೆರೆ ನೋಡಿದೆನೇ ಹೊರತು ಮುಚ್ಚಳ ನೋಡಲಿಲ್ಲ. ಅದನ್ನು ಡಾಕ್ಟರಿಗೂ ಅಜ್ಜನ ಮಗನಿಗೂ ಅಂದೇ ಹೇಳಿದೆ.

ನಿವೃತ್ತಿಯಾದ ಮೇಲೆ ಊರಿನ ನಾಲ್ಕೈದು ಮಕ್ಕಳು ಸಂಜೆ ನಮ್ಮ ಮನೆಯ ಜಗಲಿಗೆ ಬಂದು ಲೆಕ್ಕ ಹೇಳಿಸಿಕೊಳ್ಳುತ್ತಾರೆ. ಹೋದ ಮಳೆಗಾಲದಲ್ಲಿ ಒಬ್ಬಳು ಕೇಳಿದಳು: "ಅಕ್ಕೋರೇ, ಒಂದು ಪರ್ಸೆಂಟ್ ಅಂದ್ರೆ ನೂರಕ್ಕೆ ಒಂದು, ಗೊತ್ತು. ಆದ್ರೆ ಯಾವ ನೂರಕ್ಕೆ ಯಾವ ಒಂದು?"

ಎಷ್ಟು ಒಳ್ಳೆಯ ಪ್ರಶ್ನೆ! ನಾನು ತಿರುಗಿ ಕೇಳಿದೆ: "ನಿಮ್ಮ ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯುವಾಗ ನಿನ್ನ ಅಪ್ಪ ಎಷ್ಟೆಷ್ಟು ಹಾಕ್ತಾರೆ?"

"ನೂರು ಲೀಟರ್ ನೀರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ." ತಡವರಿಸಲೇ ಇಲ್ಲ. ಡ್ರಮ್ಮಿಗೆ ಸುಣ್ಣದ ನೀರು ಹೊಯ್ಯುವುದು ಚಿಕ್ಕಂದಿನಿಂದ ಅವಳದೇ ಕೆಲಸವಂತೆ.

"ಅದಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ ಅಂತಾರೆ. ನೂರು ಲೀಟರಿಗೆ ಒಂದು ಕೇಜಿ ತುತ್ತ ಅಂದರೆ ನೂರು ಎಂಎಲ್‌ಗೆ ಎಷ್ಟು?"

ಅವಳು ನೆಲದ ಮೇಲೆ ಬೆರಳಲ್ಲೇ ಗೀಚಿದಳು. ಒಂದು ಗ್ರಾಂ. ಹಾಗಾದರೆ ಒಂದು ಎಂಎಲ್‌ಗೆ? ಗ್ರಾಮನ್ನು 1000 ಮಿಲಿಗ್ರಾಂ ಮಾಡಿ ನೂರರಿಂದ ಭಾಗಿಸಿ 10 ಮಿಲಿಗ್ರಾಂ ಎಂದಳು. ಅಲ್ಲಿಂದ ಮುಂದೆ ನಾನು ಏನೂ ಹೇಳಬೇಕಾಗಲಿಲ್ಲ. ಹೊಲಿಗೆ ಹಾಕುವ ಮೊದಲು ಕೊಡುವ ಶೇಕಡಾ 2ರ ಲಿಗ್ನೋಕೇನ್‌ನಲ್ಲಿ ಎಂಎಲ್‌ಗೆ 20 ಮಿಲಿಗ್ರಾಂ, ಶೇಕಡಾ 5ರ ಡೆಕ್ಸ್ಟ್ರೋಸ್‌ನಲ್ಲಿ 50. ಶೇಕಡಾ 0.9ರ ಸಲೈನ್‌ನ ಅರ್ಧ ಲೀಟರ್ ಬಾಟಲಿಯಲ್ಲಿ ನಾಲ್ಕೂವರೆ ಗ್ರಾಂ ಉಪ್ಪು. ಎಲ್ಲವನ್ನೂ ಅವಳೇ ಮಾಡಿದಳು. ಬೋರ್ಡೋ ದ್ರಾವಣಕ್ಕೆ ಕತ್ತಿ ಅದ್ದಿ, ಅಲಗಿನ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು ಎಂದು ತಿಳಿಯುವ ಮನೆಯ ಮಕ್ಕಳು ಇವರು. ರಸಾಯನಶಾಸ್ತ್ರ ಇವರ ಅಂಗಳದಲ್ಲೇ ಇದೆ. ಇವರಿಗೆ ಲೆಕ್ಕ ಬರುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಮಕ್ಕಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಮೋಲ್. ಅದಕ್ಕೂ ನಮ್ಮಲ್ಲೇ ದಾರಿಯಿದೆ. ಅಡಿಕೆಯನ್ನು ತೂಗಿ ಮಾರುತ್ತೇವೆ, ತೆಂಗಿನಕಾಯಿಯನ್ನು ಎಣಿಸಿ ಕೊಡುತ್ತೇವೆ. ಮಿಲಿಗ್ರಾಂ ಎಂದರೆ ತೂಕ, ಮೋಲ್ ಎಂದರೆ ಎಣಿಕೆ. ಸಣ್ಣ ಕಾಯಿ ನೂರು, ದೊಡ್ಡ ಕಾಯಿ ನೂರು ತೂಗಿದರೆ ತೂಕ ಒಂದೇ ಬರುತ್ತದೆಯೇ? ಹಾಗೆಯೇ 180 ಗ್ರಾಂ ಗ್ಲೂಕೋಸ್‌ನಲ್ಲೂ, ಕಿಡ್ನಿ ಹೊರಹಾಕುವ ಕಸವಾದ ಕ್ರಿಯಾಟಿನಿನ್‌ನ 113 ಗ್ರಾಂನಲ್ಲೂ ಕಣಗಳ ಎಣಿಕೆ ಒಂದೇ, ಒಂದು ಮೋಲ್.

ಇದು ಪರೀಕ್ಷೆಗೆ ಮಾತ್ರ ಬೇಕಾದ ಮಾತಲ್ಲ. ಸೌದಿಯಿಂದ ರಜೆಗೆ ಬಂದಿದ್ದ ಭಟ್ಕಳದ ಕಡೆಯವರೊಬ್ಬರು ಅಲ್ಲಿಯ ರಿಪೋರ್ಟ್ ಹಿಡಿದು ನಮ್ಮಲ್ಲಿಗೆ ಬಂದಿದ್ದರು. ಕ್ರಿಯಾಟಿನಿನ್ 97 ಎಂದಿತ್ತು. ಇಲ್ಲಿ ಒಂದರ ಆಸುಪಾಸಿದ್ದರೆ ಸರಿ ಎಂದು ಕೇಳಿದ್ದ ಹೆಂಡತಿ, ಕಿಡ್ನಿ ಹೋಯಿತೆಂದು ಅತ್ತು ಅತ್ತು ಕಣ್ಣು ಊದಿಸಿಕೊಂಡಿದ್ದರು. ನಮ್ಮ ಲ್ಯಾಬುಗಳು ನೂರು ಎಂಎಲ್ ರಕ್ತಕ್ಕೆ ಎಷ್ಟು ಮಿಲಿಗ್ರಾಂ ಎಂದು ತೂಕ ಬರೆಯುತ್ತವೆ. ಆ ರಿಪೋರ್ಟಿನಲ್ಲಿ ಲೀಟರಿಗೆ ಎಷ್ಟು ಮೈಕ್ರೋಮೋಲ್ ಎಂದು ಎಣಿಕೆ ಬರೆದಿತ್ತು. ಕ್ರಿಯಾಟಿನಿನ್‌ನಲ್ಲಿ ನಮ್ಮ ಒಂದು ಎಂದರೆ ಅಲ್ಲಿಯ 88.4. 97ನ್ನು ಅದರಿಂದ ಭಾಗಿಸಿದರೆ 1.1. ಅದೇ ಹಾಳೆಯ ಮೇಲಿನ ಸಾಲಿನಲ್ಲಿ ಸಕ್ಕರೆ ಲೀಟರಿಗೆ 7.8 ಮಿಲಿಮೋಲ್ ಎಂದಿತ್ತು. ಸಕ್ಕರೆಯಲ್ಲಿ ಅಲ್ಲಿಯ ಒಂದು ಎಂದರೆ ನಮ್ಮ 18, ಗುಣಿಸಿದರೆ 140. ಖಾಲಿ ಹೊಟ್ಟೆಯ ಸಕ್ಕರೆ ಅದು, ಚಿಂತೆ ಮಾಡಬೇಕಾದದ್ದು ನಿಜವಾಗಿ ಅದರ ಬಗ್ಗೆ. ಏಳು ಎಂಟು ಎಂದರೆ ಕಡಿಮೆಯೇ ಇದೆ ಎಂದುಕೊಂಡು ಅದನ್ನು ಯಾರೂ ಗಮನಿಸಿರಲಿಲ್ಲ.

ಮಕ್ಕಳ ಜ್ವರದ ಔಷಧಿಯನ್ನೇ ನೋಡಿ. 10 ಕೇಜಿ ತೂಗುವ ಮಗುವಿಗೆ 150 ಮಿಲಿಗ್ರಾಂ ಪ್ಯಾರಸಿಟಮಾಲ್ ಬರೆದರೆ, 5 ಎಂಎಲ್‌ಗೆ 125 ಇರುವ ಸಿರಪ್‌ನಲ್ಲಿ ಅದು 6 ಎಂಎಲ್, 5 ಎಂಎಲ್‌ಗೆ 250 ಇರುವುದರಲ್ಲಿ 3 ಎಂಎಲ್, ಎಂಎಲ್‌ಗೆ 100 ಇರುವ ಹನಿ ಔಷಧಿಯಲ್ಲಿ ಒಂದೂವರೆ ಎಂಎಲ್. ಹನಿ ಔಷಧಿಯನ್ನು 6 ಎಂಎಲ್ ಕುಡಿಸಿದರೆ ನಾಲ್ಕು ಪಟ್ಟು. ಪೊಟ್ಯಾಸಿಯಂ ಕ್ಲೋರೈಡ್ ಇನ್ನೂ ಅಪಾಯದ್ದು. 10 ಎಂಎಲ್‌ನ ಒಂದು ಆಂಪೂಲಿನಲ್ಲೇ 20 ಮಿಲಿಇಕ್ವಿವೆಲೆಂಟ್ (ಇದೂ ಮೋಲಿನಂತೆ ಎಣಿಕೆಯ ಅಳತೆ) ಇರುತ್ತದೆ. ಚೀಟಿಯ 20ನ್ನು ಎಂಎಲ್ ಎಂದು ಓದಿ ಎರಡು ಆಂಪೂಲ್ ಒಡೆದು ಇಟ್ಟುಕೊಂಡಿದ್ದ ಕೈಯನ್ನು ನಾನೇ ಹಿಡಿದು ನಿಲ್ಲಿಸಿದ್ದೇನೆ.

ಆದ್ದರಿಂದ ಜಿಲ್ಲೆಯ ನರ್ಸಿಂಗ್ ಮತ್ತು ಅರೆವೈದ್ಯಕೀಯ ಕಾಲೇಜುಗಳ ಪ್ರಾಂಶುಪಾಲರಲ್ಲಿ, ಉಪನ್ಯಾಸಕರಲ್ಲಿ ಕೈಮುಗಿದು ಕೇಳುತ್ತೇನೆ. ಈ ಪಾಠವನ್ನು ಮೊದಲು ಕನ್ನಡದಲ್ಲಿ ಹೇಳಿಕೊಡಿ, ಪರೀಕ್ಷೆ ಇಂಗ್ಲಿಷಿನಲ್ಲೇ ಇರಲಿ. ಮಕ್ಕಳನ್ನು ವಾರ್ಡಿಗೆ ಕಳಿಸುವ ಮೊದಲು ಒಂದು ಮೇಜಿನ ಮೇಲೆ ಖಾಲಿ ಬಾಟಲಿ, ಕೆಂಪು ಮತ್ತು ಕಿತ್ತಳೆ ಮುಚ್ಚಳದ ಸಿರಿಂಜ್, ಸಿರಪ್ಪಿನ ಅಳತೆ ಮುಚ್ಚಳ, ಡ್ರಿಪ್ ಸೆಟ್ ಇಡಿ. ಚೀಟಿ ಕೊಟ್ಟು, ನೀರನ್ನೇ ಎಳೆದು ತೋರಿಸಲು ಹೇಳಿ. ತೋರಿಸಿದವರೇ ವಾರ್ಡಿಗೆ ಹೋಗಲಿ, ಉಳಿದವರು ಮರುದಿನ ಮತ್ತೆ ಬರಲಿ. ಉತ್ತರದ ಮುಂದೆ ಮಿಲಿಗ್ರಾಮೋ ಎಂಎಲ್ಲೋ ಬರೆಯದಿದ್ದರೆ, ಸಂಖ್ಯೆ ಸರಿಯಿದ್ದರೂ ಅಂಕ ಕೊಡಬೇಡಿ. ಕಠೋರವೆನಿಸಬಹುದು, ಆದರೆ ಬರಿಯ ಸಂಖ್ಯೆ ವಾರ್ಡಿನಲ್ಲಿ ಏನು ಮಾಡುತ್ತದೆ ಎಂದು ಕಂಡವಳು ನಾನು. ಲೆಕ್ಕವನ್ನು ಮೊಬೈಲ್ ಮಾಡಿಕೊಡುತ್ತದೆ ಎನ್ನುವವರಿದ್ದಾರೆ. ಕೈಯಲ್ಲಿರುವ ಸಿರಿಂಜಿನ ಮುಚ್ಚಳ ಯಾವ ಬಣ್ಣದ್ದು ಎಂದು ಅದು ನೋಡುವುದಿಲ್ಲ.

ಡಾಕ್ಟರುಗಳಲ್ಲೂ ಒಂದು ವಿನಂತಿ. ಮೈಕ್ರೋಗ್ರಾಂ ಎಂದು ಪೂರ್ತಿ ಬರೆಯಿರಿ, µ ಎಂಬ ಆ ಗ್ರೀಕ್ ಅಕ್ಷರ ಅವಸರದ ಬರಹದಲ್ಲಿ ಮಿಲಿಯ ಎಂ ಆಗಿಬಿಡುತ್ತದೆ, ಸಾವಿರ ಪಟ್ಟು ವ್ಯತ್ಯಾಸ. 5 ಎಂದರೆ 5 ಎಂದೇ ಬರೆಯಿರಿ. 5.0 ಎಂದು ಬರೆದರೆ ಚುಕ್ಕಿ ಅಳಿಸಿ 50 ಆಗುತ್ತದೆ. ಅರ್ಧಕ್ಕೆ ಮಾತ್ರ ಚುಕ್ಕಿಯ ಹಿಂದೆ ಸೊನ್ನೆ ಬಿಡಬೇಡಿ, 0.5 ಎಂದೇ ಇರಲಿ.

ತೊಳೆದು ಒಣಗಿಸಿದ ಖಾಲಿ ಬಾಟಲಿಗಳು, ಲೇಬಲ್ ಹರಿಯದವು, ಒಂದು ಬಿಸ್ಕತ್ತಿನ ಡಬ್ಬಿಯ ತುಂಬ ನನ್ನಲ್ಲಿವೆ. ಎರಡೂ ಬಣ್ಣದ ಸಿರಿಂಜ್‌ಗಳಿವೆ, ಸೂಜಿ ತೆಗೆದದ್ದು. ಶಿರಸಿಯಿಂದ ಕಾರವಾರದವರೆಗೆ ಯಾವ ಕಾಲೇಜು ಕರೆದರೂ ಡಬ್ಬಿ ಹಿಡಿದು ಬಸ್ಸು ಹತ್ತಿ ಬರುತ್ತೇನೆ. ಬಸ್ಸಿನ ಖರ್ಚೂ ಬೇಡ, ಒಂದು ಮೇಜು, ಒಂದು ಬಕೆಟ್ ನೀರು ಸಾಕು.

ಇತಿ,
ನಿವೃತ್ತ ಶುಶ್ರೂಷಕಿ,
ಶಿರಸಿ ತಾಲ್ಲೂಕು