ಮಗುವಿನ ವರದಿಯಲ್ಲಿ ದೊಡ್ಡವರ ಅಂಕಿಗಳೇಕೆ?

ಮಾನ್ಯ ಸಂಪಾದಕರೆ,

ಬೆಂಗಳೂರಿನ ಬಡಾವಣೆಗಳಲ್ಲಿ ರಕ್ತಪರೀಕ್ಷಾ ಕೇಂದ್ರಗಳಿಗೇನೂ ಕೊರತೆಯಿಲ್ಲ. ಬೆಳಿಗ್ಗೆ ಕೊಟ್ಟ ರಕ್ತದ ವರದಿ ಸಂಜೆಯೊಳಗೆ ಮೊಬೈಲಿಗೇ ಬಂದುಬಿಡುತ್ತದೆ. ಆದರೆ ಎರಡು ವರ್ಷದ ಮಗುವಿನ ವರದಿಯಲ್ಲೂ ‘ಸಾಮಾನ್ಯ ಮಟ್ಟ’ದ ಕಾಲಂನಲ್ಲಿ ದೊಡ್ಡವರ ಅಂಕಿಗಳನ್ನೇ ಮುದ್ರಿಸುವ ಪರಿಪಾಠ ಕೆಲವೆಡೆ ಇನ್ನೂ ಉಳಿದಿದೆ. ಪ್ರಯೋಗಾಲಯದಲ್ಲೇ ವೃತ್ತಿಜೀವನ ಕಳೆದ ನನಗೆ ಇದು ಬರೀ ಮುದ್ರಣದ ಲೋಪವೆಂದು ತೋರುವುದಿಲ್ಲ. ಮೂತ್ರಪಿಂಡ ಸೋತಿರುವ ಮಗುವನ್ನು ‘ಎಲ್ಲವೂ ನಾರ್ಮಲ್’ ಎಂದು ಮನೆಗೆ ಕಳುಹಿಸಲು ಇಷ್ಟೇ ಸಾಕು.

ಕ್ರಿಯಾಟಿನಿನ್ ನಮ್ಮ ಸ್ನಾಯುಗಳಿಂದ ಹುಟ್ಟುವ ತ್ಯಾಜ್ಯ. ಅದನ್ನು ಸೋಸಿ ಹೊರಹಾಕುವುದು ಮೂತ್ರಪಿಂಡದ ಕೆಲಸ. ಪುಟ್ಟ ಮಕ್ಕಳಲ್ಲಿ ಸ್ನಾಯು ಕಡಿಮೆಯಿರುವುದರಿಂದ, ಆರೋಗ್ಯವಾಗಿರುವ ಎರಡು ವರ್ಷದ ಮಗುವಿನಲ್ಲಿ ಇದರ ಪ್ರಮಾಣ ಡೆಸಿಲೀಟರಿಗೆ ಸುಮಾರು 0.2ರಿಂದ 0.4 ಮಿಲಿಗ್ರಾಂ ಮಾತ್ರ. ದೊಡ್ಡ ಗಂಡಸರಿಗೆ ಅನ್ವಯಿಸುವ ಮಿತಿಯೋ 1.2 ಅಥವಾ 1.3ರವರೆಗೆ ಹೋಗುತ್ತದೆ. ಹೀಗಾಗಿ 85 ಸೆಂಟಿಮೀಟರ್ ಎತ್ತರದ ಮಗುವಿನ ವರದಿಯಲ್ಲಿ 0.9 ಎಂದಿದ್ದರೆ ಅದರ ಪಕ್ಕದಲ್ಲಿ ಮಿತಿ ಮೀರಿದೆಯೆಂದು ಸೂಚಿಸುವ ನಕ್ಷತ್ರ ಚಿಹ್ನೆಯಿರುವುದಿಲ್ಲ, ಅಂಕಿ ದಪ್ಪಕ್ಷರದಲ್ಲೂ ಇರುವುದಿಲ್ಲ. 2009ರಲ್ಲಿ ಪರಿಷ್ಕೃತವಾದ ಶ್ವಾರ್ಟ್ಜ್ ಸೂತ್ರದಂತೆ ಎತ್ತರವನ್ನು 0.413ರಿಂದ ಗುಣಿಸಿ ಕ್ರಿಯಾಟಿನಿನ್‌ನಿಂದ ಭಾಗಿಸಿದರೆ ಮೂತ್ರಪಿಂಡದ ಸೋಸುವ ಶಕ್ತಿಯ ಅಂದಾಜು ಸಿಗುತ್ತದೆ. ಈ ಮಗುವಿನ ಮಟ್ಟಿಗೆ ಅದು 39 ಮಾತ್ರ. ಅಂದರೆ, 90ಕ್ಕಿಂತ ಹೆಚ್ಚಿರಬೇಕಾದದ್ದು ಅರ್ಧಕ್ಕೂ ಕೆಳಗಿಳಿದಿದೆ. ವಾಂತಿಭೇದಿಯಿಂದ ನೀರಿನಂಶ ಕಳೆದುಕೊಂಡ ಮಗುವಿನಲ್ಲಿ ಈ ಏರಿಕೆ ತಾತ್ಕಾಲಿಕವಾಗಿರಬಹುದು, ಅಂಥ ಏರುಪೇರಿನ ನಡುವೆ ಸೂತ್ರವೂ ಅಷ್ಟು ನಿಖರವಲ್ಲ ಎಂಬುದು ನಿಜ. ಆದರೂ ಏರಿಕೆಯಾಗಿದೆ ಎಂಬುದೇ ತಿಳಿಯದಿದ್ದರೆ ಮರುಪರೀಕ್ಷೆ ಮಾಡಿಸುವವರು ಯಾರು? ಜ್ವರಕ್ಕೆಂದು ಐಬುಪ್ರೊಫೇನ್ ಸಿರಪ್ಪೋ ಸೋಂಕಿಗೆಂದು ಅಮಿಕಾಸಿನ್ ಚುಚ್ಚುಮದ್ದೋ ಅದೇ ಮಗುವಿಗೆ ಸಿಕ್ಕರೆ ಮೂತ್ರಪಿಂಡಕ್ಕೆ ಪೆಟ್ಟು ಇನ್ನಷ್ಟು ಆಳವಾಗುತ್ತದೆ. ಹೊರಗೆ ರೋಗಿಗಳ ಸಾಲು ಬೆಳೆಯುತ್ತಿರುವಾಗ ವೈದ್ಯರ ಕಣ್ಣು ಮೊದಲು ಹೋಗುವುದು ದಪ್ಪಕ್ಷರದ ಸಾಲುಗಳಿಗೇ. ಅವರನ್ನಷ್ಟೇ ದೂರುವುದು ನ್ಯಾಯವಲ್ಲ.

ರಂಜಕದ (ಫಾಸ್ಫರಸ್) ವಿಷಯವೂ ಇಂಥದ್ದೇ. ಬೆಳೆಯುವ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಡೆಸಿಲೀಟರಿಗೆ 4 ಮಿಲಿಗ್ರಾಂಗಿಂತ ಮೇಲಿರುತ್ತದೆ, ದೊಡ್ಡವರಿಗೆ 2.5 ಇದ್ದರೂ ಸರಿಯೇ. ಮೂತ್ರದಲ್ಲಿ ರಂಜಕ ಸೋರಿಹೋಗಿ ಕಾಲು ಬಾಗುತ್ತಿರುವ ಮಗುವಿನ ವರದಿಯಲ್ಲಿ 2.8 ಎಂದು ಬಂದರೂ ದೊಡ್ಡವರ ಪಟ್ಟಿಯಲ್ಲಿ ಅದು ಪಾಸಾಗುತ್ತದೆ, ಮನೆಯವರು ಕ್ಯಾಲ್ಸಿಯಂ ಸಿರಪ್ ಕುಡಿಸುತ್ತಾ ವರ್ಷ ಕಳೆಯುತ್ತಾರೆ. ಆಲ್ಕಲೈನ್ ಫಾಸ್ಫಟೇಸ್ ಎಂಬ ಕಿಣ್ವದ್ದು ಇದಕ್ಕೆ ತದ್ವಿರುದ್ಧ: ಮೂಳೆ ಬೆಳೆಯುವ ವಯಸ್ಸಿನಲ್ಲಿ ಅದು ಹೆಚ್ಚಿರುವುದೇ ಸಹಜವಾದರೂ ವರದಿಯಲ್ಲಿ ದಪ್ಪಕ್ಷರ ಕಂಡು ತಂದೆತಾಯಿ ಗಾಬರಿಗೊಳ್ಳುತ್ತಾರೆ.

ಅಂಕಿಗಳ ಮಾತು ಬಂದಾಗ ರಕ್ತ ತೆಗೆಯುವ ರೀತಿಯನ್ನೂ ಹೇಳಲೇಬೇಕು. ಕಿರುಚಾಡುವ ಮಗುವನ್ನು ಅಜ್ಜಿ ಅವುಚಿ ಹಿಡಿದಿರುತ್ತಾರೆ, ನರ ಸಿಗುವುದಿಲ್ಲ, ಸಿಕ್ಕಿದರೂ ಹನಿಹನಿಯಾಗಿ ಹಿಂಡಿ ತೆಗೆಯಬೇಕಾಗುತ್ತದೆ. ಆ ಟ್ಯೂಬನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದಾಗ ಮೇಲೆ ನಿಲ್ಲುವ ಸೀರಂ ತಿಳಿಹಳದಿಯಾಗಿರುವ ಬದಲು ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಕೆಂಪು ರಕ್ತಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಬಂದಿದೆ ಎಂದೇ ಇದರ ಅರ್ಥ. ಇಂಥ ಮಾದರಿಯಲ್ಲಿ ಬಂದ 6.5ರಷ್ಟು ಹೆಚ್ಚಿನ ಪೊಟ್ಯಾಸಿಯಂ ಅಂಕಿಯನ್ನು ಯಾವ ಟಿಪ್ಪಣಿಯೂ ಇಲ್ಲದೆ ಕಳುಹಿಸಿದರೆ ಆರೋಗ್ಯವಂತ ಮಗುವೂ ತುರ್ತು ಚಿಕಿತ್ಸಾ ಘಟಕ ಸೇರಬೇಕಾದೀತು. ‘ಮಾದರಿ ಹಿಮೊಲೈಸ್ ಆಗಿದೆ, ಮತ್ತೊಮ್ಮೆ ಕಳುಹಿಸಿ’ ಎಂದು ಬರೆಯಲು ಅರ್ಧ ನಿಮಿಷವೂ ಬೇಡ. ಅದರ ಜೊತೆಗೆ, ನಿಜವಾಗಿಯೂ ಪೊಟ್ಯಾಸಿಯಂ ಏರಿದ್ದರೆ ಹೃದಯದ ಲಯವೇ ತಪ್ಪಬಹುದಾದ್ದರಿಂದ, ‘ಮಾದರಿ ಕೆಟ್ಟಿರಬೇಕು’ ಎಂದು ಸುಮ್ಮನಾಗುವುದೂ ಸಲ್ಲದು. ಇಸಿಜಿ ಮಾಡಿ, ಕೂಡಲೇ ಮತ್ತೆ ರಕ್ತ ತೆಗೆಯಬೇಕು.

ಪರೀಕ್ಷೆಯ ವಿಧಾನದ ಬಗ್ಗೆಯೂ ಒಂದು ಮಾತು. ಕ್ರಿಯಾಟಿನಿನ್ ಅಳೆಯಲು ಖರ್ಚು ಕಡಿಮೆಯೆಂದು ಅನೇಕ ಕಡೆ ಬಳಸುವ ಹಳೆಯ ಜಾಫೆ ವಿಧಾನಕ್ಕೆ ರಕ್ತದಲ್ಲಿನ ಬೇರೆ ವಸ್ತುಗಳೂ ಅಡ್ಡಿ ಮಾಡುತ್ತವೆ. 1.0 ಇರುವ ದೊಡ್ಡವರಲ್ಲಿ 0.2ರ ಹೆಚ್ಚುಕಡಿಮೆಯಾದರೆ ನಡೆದೀತು, 0.3 ಇರುವ ಮಗುವಿನಲ್ಲಿ ಅದೇ ವ್ಯತ್ಯಾಸ ಇಡೀ ಅರ್ಥವನ್ನೇ ಬದಲಿಸುತ್ತದೆ. ಮಕ್ಕಳ ಮಾದರಿಗಳಿಗಾದರೂ ಕಿಣ್ವ ಆಧಾರಿತ ವಿಧಾನವನ್ನು ಬಳಸುವುದು ಲೇಸು.

ಇದನ್ನು ಸರಿಪಡಿಸಲು ಹೊಸ ಯಂತ್ರಗಳೇನೂ ಬೇಕಿಲ್ಲ. ರೋಗಿಯ ವಯಸ್ಸನ್ನು ನೋಂದಣಿಯ ಹೊತ್ತಿನಲ್ಲೇ ಕಂಪ್ಯೂಟರಿಗೆ ತುಂಬಿರುತ್ತಾರೆ. ವಯಸ್ಸಿಗೆ ತಕ್ಕ ಮಟ್ಟವನ್ನು ಅದೇ ತಂತ್ರಾಂಶಕ್ಕೆ ಒಮ್ಮೆ ಜೋಡಿಸಿದರೆ ಮುಗಿಯಿತು. ಅರ್ಜಿಯಲ್ಲಿ ಎತ್ತರಕ್ಕೊಂದು ಖಾಲಿ ಜಾಗವಿದ್ದರೆ ಸೋಸುವ ಶಕ್ತಿಯನ್ನೂ ವರದಿಯಲ್ಲೇ ಮುದ್ರಿಸಬಹುದು. ತಾವು ಸೇವೆ ಸಲ್ಲಿಸುವ ಜನರಿಗೆ ಹೊಂದುವ ಮಟ್ಟಗಳನ್ನೇ ಪ್ರಯೋಗಾಲಯಗಳು ಕೊಡಬೇಕೆಂದು ವೈದ್ಯಕೀಯ ಪ್ರಯೋಗಾಲಯಗಳ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್ಒ 15189 ಹೇಳುತ್ತದೆ, ಆದರೆ ಅದರ ಆಧಾರದ ಮೇಲೆ ಪ್ರಯೋಗಾಲಯಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಲ್‌ನ ಮಾನ್ಯತೆ ಪಡೆಯದ ಕೇಂದ್ರಗಳನ್ನು ಕೇಳುವವರಿಲ್ಲ. ಅವೂ 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕಾದ್ದರಿಂದ, ನವೀಕರಣದ ವೇಳೆ ಹನ್ನೆರಡು ವರ್ಷದೊಳಗಿನ ಮಗುವಿನ ಒಂದು ಮಾದರಿ ವರದಿಯನ್ನು ತರಿಸಿ ನೋಡುವುದು ಆರೋಗ್ಯ ಇಲಾಖೆಗೆ ಕಷ್ಟದ ಕೆಲಸವಲ್ಲ. ಅಲ್ಲಿಯವರೆಗೆ ತಂದೆತಾಯಿಗಳು ಮಗುವಿನ ಎತ್ತರವನ್ನು ಚೀಟಿಯ ಮೇಲೆ ಬರೆಸಿ, ‘ಈ ಮಟ್ಟ ಮಗುವಿಗೆ ಸಂಬಂಧಿಸಿದ್ದೇ?’ ಎಂದು ಕೌಂಟರಿನಲ್ಲೇ ಕೇಳಲಿ.

ಇತಿ,
ನಿವೃತ್ತ ಪ್ರಯೋಗಾಲಯ ತಂತ್ರಜ್ಞ,
ಬಸವನಗುಡಿ, ಬೆಂಗಳೂರು