ಯುದ್ಧಚಿತ್ರಗಳ ಪಟ್ಟಿಯಲ್ಲಿ ಕಾಣದ ಮನೆಬಾಗಿಲು

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ನೀವು ಪ್ರಕಟಿಸಿದ ಹತ್ತು ಶ್ರೇಷ್ಠ ಯುದ್ಧಚಿತ್ರಗಳ ಪಟ್ಟಿಯನ್ನು ಎರಡು ಸಲ ಓದಿದೆ. ಲೇಖಕರು ಆರಿಸಿದ ಚಿತ್ರಗಳಲ್ಲಿ ಹೆಚ್ಚಿನವನ್ನು ನಾನೂ ನೋಡಿದ್ದೇನೆ, ಕೆಲವನ್ನು ತುಂಬಾ ಮೆಚ್ಚಿದ್ದೇನೆ. ಆದರೆ ಪ್ರತಿ ಚಿತ್ರವೂ ಏಕೆ ಶ್ರೇಷ್ಠ ಎಂದು ವಿವರಿಸುವ ಸಾಲುಗಳಲ್ಲಿ ಎಷ್ಟು ಟ್ಯಾಂಕುಗಳನ್ನು ಬಳಸಿದ್ದಾರೆ, ಸ್ಫೋಟದ ಸದ್ದು ಎಷ್ಟು ನೈಜವಾಗಿದೆ, ಕಾಳಗದ ದೃಶ್ಯ ಎಷ್ಟು ಹೊತ್ತು ಉಸಿರು ಬಿಗಿಹಿಡಿಸುತ್ತದೆ ಎಂಬ ಮಾತುಗಳೇ ತುಂಬಿದ್ದುದನ್ನು ಕಂಡು, ಸೈನಿಕನ ಮನೆಯಲ್ಲಿ ಬೆಳೆದ ನನಗೆ ಸುಮ್ಮನಿರಲಾಗಲಿಲ್ಲ.

ನನ್ನ ತಂದೆ ಇಪ್ಪತ್ತೆರಡು ವರ್ಷ ಸೇನೆಯಲ್ಲಿದ್ದರು. ನಮ್ಮ ಮನೆಯಲ್ಲಿ ‘ಯುದ್ಧ’ ಎಂಬ ಪದಕ್ಕಿಂತ ಹೆಚ್ಚು ಬಳಕೆಯಲ್ಲಿದ್ದುದು ‘ರಜೆ’ ಎಂಬ ಪದ. ವರ್ಷಕ್ಕೊಮ್ಮೆ ಸಿಗುತ್ತಿದ್ದ ಎರಡು ತಿಂಗಳ ರಜೆಯಲ್ಲಿ ಗಡಿಯಿಂದ ರೈಲು ಬದಲಾಯಿಸುತ್ತಾ ಮೈಸೂರು ತಲುಪಿ, ಅಲ್ಲಿಂದ ಬಸ್ಸು ಹಿಡಿದು ಕೊಡಗಿನ ನಮ್ಮ ಊರು ಸೇರುವಷ್ಟರಲ್ಲಿ ನಾಲ್ಕೈದು ದಿನ ಕಳೆದುಹೋಗುತ್ತಿತ್ತು; ಮರಳಿ ಹೋಗುವುದಕ್ಕೂ ಅಷ್ಟೇ ದಿನ ಬೇಕಿತ್ತು. ಅಮ್ಮ ಆ ದಿನಗಳನ್ನು ಮೊದಲೇ ಕಳೆದು, ಉಳಿದದ್ದನ್ನು ಮಾತ್ರ ಕ್ಯಾಲೆಂಡರಿನಲ್ಲಿ ಎಣಿಸುತ್ತಿದ್ದರು. ಮಳೆಗಾಲ ಹಿಡಿಯುವ ಮೊದಲು ಬಂದರೆ ಅಪ್ಪ ಮಾಡುತ್ತಿದ್ದ ಮೊದಲ ಕೆಲಸ ಏಣಿ ಹಾಕಿ ಮಾಡಿನ ಹೆಂಚು ಕೈಯಾಡಿಸುವುದು. ಈ ಸಂಗತಿಯನ್ನು ಇಲ್ಲಿ ಬರೆಯಲು ಕಾರಣವಿದೆ: ನನ್ನ ಮಟ್ಟಿಗೆ ಜಗತ್ತಿನ ಅತಿ ದೊಡ್ಡ ಯುದ್ಧಚಿತ್ರವು ಒಂದು ಮನೆಯ ಸೋರುವ ಮಾಡನ್ನು ಸರಿಪಡಿಸಲು ಹೊರಟವನ ಕಥೆ, ಮತ್ತು ಅದು ನಿಮ್ಮ ಪಟ್ಟಿಯಲ್ಲಿಲ್ಲ.

1959ರಲ್ಲಿ ತೆರೆಕಂಡ ಸೋವಿಯತ್ ಚಿತ್ರ ‘ಬ್ಯಾಲಡ್ ಆಫ್ ಎ ಸೋಲ್ಜರ್’ ಅನ್ನು ನಿರ್ದೇಶಿಸಿದ ಗ್ರಿಗೋರಿ ಚುಖ್ರಾಯ್ ಸ್ವತಃ ಎರಡನೇ ಮಹಾಯುದ್ಧದಲ್ಲಿ ಹೋರಾಡಿದವರು. ಊರಾಚೆಯ ಮಣ್ಣುದಾರಿಯನ್ನೇ ನೋಡುತ್ತಾ ನಿಂತ ಒಬ್ಬ ತಾಯಿಯಿಂದ ಚಿತ್ರ ಆರಂಭವಾಗುತ್ತದೆ, ಮತ್ತು ಅವಳ ಮಗ ಇನ್ನು ಬರುವುದಿಲ್ಲ, ಅವನು ದೂರದ ಪರಸ್ಥಳದಲ್ಲಿ ಮಣ್ಣಾಗಿದ್ದಾನೆ ಎಂಬುದನ್ನು ನಮಗೆ ಮೊದಲಿಗೇ ತಿಳಿಸಲಾಗುತ್ತದೆ. ಆಮೇಲೆ ಬರುವ ಟ್ಯಾಂಕುಗಳ ದೃಶ್ಯ ಕೆಲವೇ ನಿಮಿಷಗಳದ್ದು. ಹತ್ತೊಂಬತ್ತು ವರ್ಷದ ಅಲ್ಯೋಷಾ ಹೆದರಿ ಓಡುತ್ತಾನೆ, ಟ್ಯಾಂಕು ಅವನನ್ನು ಅಟ್ಟಿಸಿಕೊಂಡು ಬರುತ್ತದೆ, ಕ್ಯಾಮೆರಾ ತಲೆಕೆಳಗಾಗಿ ಆಕಾಶ ಕೆಳಗೂ ನೆಲ ಮೇಲೂ ಆಗುತ್ತದೆ. ಕೊನೆಗೆ ಕೈಗೆ ಸಿಕ್ಕ ಟ್ಯಾಂಕು ನಿರೋಧಕ ಬಂದೂಕಿನಿಂದ ಅವನು ಎರಡು ಟ್ಯಾಂಕುಗಳನ್ನು ಉರುಳಿಸುತ್ತಾನೆ. ಪದಕ ಕೊಡಲು ಮುಂದಾದ ಸೇನಾಧಿಕಾರಿಯ ಮುಂದೆ ಅವನು ತನಗೆ ಭಯವಾಗಿತ್ತೆಂದು ಒಪ್ಪಿಕೊಂಡು, ಪದಕದ ಬದಲು ಅಮ್ಮನನ್ನು ನೋಡಿಬರಲು ಅನುಮತಿ ಕೇಳುತ್ತಾನೆ, ಮನೆಯ ಮಾಡು ಸೋರುತ್ತಿದೆಯೆಂದು ಅವಳು ಕಾಗದ ಬರೆದಿದ್ದಾಳೆ ಎನ್ನುತ್ತಾನೆ. ಹೋಗಲು ಎರಡು ದಿನ, ಮಾಡಿಗೆ ಎರಡು ದಿನ, ಬರಲು ಎರಡು ದಿನ ಎಂದು ಲೆಕ್ಕ ಹಾಕಿ ಆರು ದಿನಗಳ ರಜೆ ಮಂಜೂರಾಗುತ್ತದೆ.

ಚಿತ್ರದ ಉಳಿದ ಭಾಗವೆಲ್ಲ ಆ ಆರು ದಿನಗಳು ಕರಗಿಹೋಗುವ ಬಗೆ. ಕಾಲು ಕಳೆದುಕೊಂಡು, ಹೆಂಡತಿ ತನ್ನನ್ನು ಸ್ವೀಕರಿಸುವಳೋ ಇಲ್ಲವೋ ಎಂದು ಹಿಂಜರಿಯುವ ಸೈನಿಕನೊಬ್ಬನಿಗೆ ನೆರವಾಗಲು ಹೋಗಿ ಅಲ್ಯೋಷಾ ತನ್ನ ರೈಲನ್ನು ತಪ್ಪಿಸಿಕೊಳ್ಳುತ್ತಾನೆ. ಸರಕು ಸಾಗಿಸುವ ಡಬ್ಬಿಯ ಹುಲ್ಲಿನ ನಡುವೆ ಶೂರಾ ಎಂಬ ಹುಡುಗಿ ಜೊತೆಯಾಗುತ್ತಾಳೆ. ಅವನ ಜೋಳಿಗೆಯಲ್ಲಿರುವ ಸಾಬೂನು ಮುಂಚೂಣಿಯ ಅಪರಿಚಿತ ಸೈನಿಕನೊಬ್ಬ ತನ್ನ ಹೆಂಡತಿಗೆಂದು ಕೊಟ್ಟು ಕಳಿಸಿದ್ದು. ಅದನ್ನು ತಲುಪಿಸಲು ಹೋದರೆ ಅವಳು ಬೇರೊಬ್ಬನ ಜೊತೆ ಬದುಕುತ್ತಿರುವುದು ಕಾಣುತ್ತದೆ, ಕೊಟ್ಟ ಸಾಬೂನನ್ನು ಅಲ್ಯೋಷಾ ಮರಳಿ ಪಡೆದು ಆ ಸೈನಿಕನ ಮುದಿ ತಂದೆಯ ಕೈಗಿಡುತ್ತಾನೆ. ಎರಡು ಸಾಬೂನಿನ ಬಿಲ್ಲೆಗಳಿಗೆ ಇಷ್ಟು ತೂಕ ಬರುವಂತೆ ಬರೆದ ಚಿತ್ರಕಥೆಯನ್ನು ನಾನು ಇನ್ನೆಲ್ಲೂ ಕಂಡಿಲ್ಲ. ಕೊನೆಗೆ ಊರು ತಲುಪಿದಾಗ ಉಳಿದಿರುವುದು ಕೆಲವು ನಿಮಿಷ ಮಾತ್ರ: ಹೊಲದಿಂದ ಓಡೋಡಿ ಬಂದ ತಾಯಿ ದಾರಿಯಲ್ಲೇ ಮಗನನ್ನು ತಬ್ಬಿಕೊಳ್ಳುತ್ತಾಳೆ, ಲಾರಿಯವನು ಹಾರ್ನ್ ಒತ್ತುತ್ತಾನೆ, ಮಗ ಹೋಗುತ್ತಾನೆ. ಮಾಡು ಹಾಗೆಯೇ ಉಳಿಯುತ್ತದೆ. ಈ ದೃಶ್ಯವನ್ನು ನಾನು ಮೊದಲ ಸಲ ಕಂಡದ್ದು ಕಾಲೇಜಿನ ದಿನಗಳಲ್ಲಿ, ಮೈಸೂರಿನಲ್ಲಿ. ಆ ರಾತ್ರಿಯೇ ಕುಳಿತು ಅಪ್ಪನಿಗೆ ಕಾಗದ ಬರೆದೆ.

ಒಂದು ಯುದ್ಧಚಿತ್ರ ಶ್ರೇಷ್ಠವೇ ಅಲ್ಲವೇ ಎಂಬುದಕ್ಕೆ ನನ್ನ ಅಳತೆಗೋಲು ಹುಟ್ಟಿದ್ದು ಅಂದು. ಯುದ್ಧ ಕಿತ್ತುಕೊಳ್ಳುವುದು ಯಾವುದನ್ನು ಎಂಬುದನ್ನು ಆ ಚಿತ್ರ ನಮಗೆ ಎಷ್ಟು ಹೊತ್ತು, ಎಷ್ಟು ನಿಖರವಾಗಿ ತೋರಿಸುತ್ತದೆ ಎಂದು ನಾನು ನೋಡುತ್ತೇನೆ. ಸತ್ತವನು ಯಾರ ಮಗ, ಅವನಿಗಾಗಿ ಯಾವ ಮನೆಯಲ್ಲಿ ಅನ್ನ ಮುಚ್ಚಿಟ್ಟಿದ್ದಾರೆ ಎಂಬುದು ತಿಳಿಯದೆ ನೂರು ಜನ ಬಿದ್ದರೂ ನೋಡುಗನಿಗೆ ಅದು ಬರಿಯ ಗದ್ದಲವಾಗುತ್ತದೆ.

ಈ ಮಾತಿಗೆ ಜಾನ್ ರೆನ್ವಾರ್ 1937ರಲ್ಲಿ ಮಾಡಿದ ‘ದಿ ಗ್ರ್ಯಾಂಡ್ ಇಲ್ಯೂಷನ್’ಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದ್ದ ರೆನ್ವಾರ್ ತಮ್ಮ ಚಿತ್ರದಲ್ಲಿ ಒಂದೇ ಒಂದು ಕಾಳಗದ ದೃಶ್ಯವನ್ನೂ ಇಟ್ಟಿಲ್ಲ; ಇದು ಜರ್ಮನರ ಸೆರೆಯಲ್ಲಿರುವ ಫ್ರೆಂಚ್ ಅಧಿಕಾರಿಗಳ ಕಥೆ. ಸೆರೆಯಿಂದ ತಪ್ಪಿಸಿಕೊಂಡ ಇಬ್ಬರಿಗೆ ಆಶ್ರಯ ಕೊಡುವ ಜರ್ಮನ್ ರೈತ ಹೆಣ್ಣುಮಗಳು ಎಲ್ಸಾ ಗೋಡೆಯ ಮೇಲಿನ ಭಾವಚಿತ್ರಗಳನ್ನು ತೋರಿಸುತ್ತಾಳೆ: ಗಂಡ ವೆರ್ದೂನ್‌ನಲ್ಲಿ ಸತ್ತ, ಅಣ್ಣತಮ್ಮಂದಿರು ಲಿಯೇಜ್, ಶಾರ್ಲೆರ್ವಾ, ಟ್ಯಾನೆನ್‌ಬರ್ಗ್‌ಗಳಲ್ಲಿ. ಅವೆಲ್ಲ ನಮ್ಮ ಮಹಾ ವಿಜಯಗಳು ಎಂದು ಹೇಳಿ, ಈಗ ಈ ಮೇಜು ತುಂಬಾ ದೊಡ್ಡದಾಗಿದೆ ಎನ್ನುತ್ತಾಳೆ. ಕುರ್ಚಿಗಳನ್ನೆಲ್ಲ ಮೇಲೆತ್ತಿಟ್ಟ ಆ ಉದ್ದನೆಯ ಮೇಜಿನ ತುದಿಯಲ್ಲಿ ಅವಳ ಪುಟ್ಟ ಮಗಳೊಬ್ಬಳೇ ಕುಳಿತಿರುತ್ತಾಳೆ. ನಿಮ್ಮ ಪಟ್ಟಿಯ ಯಾವ ಸ್ಫೋಟವೂ ಆ ಮೇಜಿನಷ್ಟು ದೊಡ್ಡದಲ್ಲ ಎಂದು ನಾನು ಪೂರ್ಣ ನಂಬಿಕೆಯಿಂದ ಹೇಳುತ್ತೇನೆ.

ನಿಮ್ಮ ಲೇಖಕರು ಮೊದಲ ಸ್ಥಾನ ಕೊಟ್ಟಿರುವ ‘ಸೇವಿಂಗ್ ಪ್ರೈವೇಟ್ ರಯಾನ್’ ಬಗ್ಗೆಯೂ ನನಗೆ ತಕರಾರಿಲ್ಲ, ಅದಕ್ಕೆ ಕೊಟ್ಟ ಕಾರಣದ ಬಗ್ಗೆ ಇದೆ. 1944ರ ಜೂನ್ 6ರಂದು ನಾರ್ಮಂಡಿಯ ಒಮಾಹಾ ತೀರದಲ್ಲಿ ಅಮೆರಿಕದ ಪಡೆ ಇಳಿದುದನ್ನು ಸ್ಪಿಲ್‌ಬರ್ಗ್ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ತೋರಿಸಿದ ಬಗೆಯನ್ನು ಯಾರೂ ಮರೆಯಲಾರರು, ಅದು ನಿಜ. ಆದರೆ ಆ ತೀರ ಅರ್ಥ ಪಡೆಯುವುದು ಅನಂತರದ ಒಂದು ಮೌನದಲ್ಲಿ. ಅಮೆರಿಕದ ಹಳ್ಳಿಯ ಮನೆಯೊಂದರಲ್ಲಿ ಪಾತ್ರೆ ತೊಳೆಯುತ್ತಿರುವ ತಾಯಿ ಕಿಟಕಿಯಿಂದ ದೂಳೆಬ್ಬಿಸುತ್ತಾ ಬರುವ ಕಾರನ್ನು ಕಾಣುತ್ತಾಳೆ, ಬಾಗಿಲಿಗೆ ಬರುತ್ತಾಳೆ, ಕಾರಿನಿಂದ ಸೇನಾಧಿಕಾರಿಯ ಜೊತೆ ಪಾದ್ರಿಯೂ ಇಳಿಯುವುದನ್ನು ನೋಡುತ್ತಲೇ ಕಾಲು ಸೋತು ಜಗಲಿಯಲ್ಲಿ ಕುಸಿಯುತ್ತಾಳೆ. ಅವಳ ಮುಖವನ್ನೂ ನಮಗೆ ಸರಿಯಾಗಿ ತೋರಿಸುವುದಿಲ್ಲ, ಒಂದು ಮಾತೂ ಕೇಳಿಸುವುದಿಲ್ಲ. ಅದೇ ಚಿತ್ರದಲ್ಲಿ ವೇಡ್ ಎಂಬ ವೈದ್ಯಕೀಯ ಸಹಾಯಕ, ಚಿಕ್ಕಂದಿನಲ್ಲಿ ಅಮ್ಮ ಕೆಲಸ ಮುಗಿಸಿ ಬೇಗ ಬಂದು ತನ್ನ ಜೊತೆ ಮಾತಾಡಲು ಬಯಸಿದ ರಾತ್ರಿಗಳಲ್ಲಿ ತಾನು ನಿದ್ದೆ ಬಂದಂತೆ ನಟಿಸುತ್ತಿದ್ದುದನ್ನು ನೆನೆಯುತ್ತಾನೆ. ಮುಂದೆ ಗುಂಡೇಟು ತಿಂದು ಸಾಯುವಾಗ ಅವನ ಬಾಯಲ್ಲಿ ಬರುವುದು ಅಮ್ಮನ ಹೆಸರೇ. ಈ ಎರಡು ಪ್ರಸಂಗಗಳ ಬಗ್ಗೆ ನಿಮ್ಮ ಲೇಖನದಲ್ಲಿ ಒಂದಕ್ಷರವೂ ಇಲ್ಲದಿರುವುದು ನನಗೆ ನಿಜಕ್ಕೂ ನೋವು ತಂದಿತು.

ಯುದ್ಧವನ್ನು ತೆರೆಯ ಮೇಲೆ ತಂದರೆ, ವಿರೋಧಿಸುವ ಉದ್ದೇಶದಿಂದ ತಂದರೂ, ಅದು ಆಕರ್ಷಕವಾಗಿಯೇ ಕಾಣುತ್ತದೆ ಎಂಬ ಅರ್ಥದ ಅನುಮಾನವನ್ನು ಫ್ರೆಂಚ್ ನಿರ್ದೇಶಕ ಫ್ರಾನ್ಸ್ವಾ ತ್ರುಫೋ ವ್ಯಕ್ತಪಡಿಸಿದ್ದರು. ಅದರಲ್ಲಿ ಸತ್ಯವಿದೆ, ಏಕೆಂದರೆ ಓಟ, ಬೆಂಕಿ, ನುಗ್ಗುವಿಕೆ ಇವುಗಳಿಗೆ ಕಣ್ಣು ಸಹಜವಾಗಿಯೇ ಸೋಲುತ್ತದೆ. ಆ ಅನುಮಾನವನ್ನು ಗೆದ್ದ ಚಿತ್ರವೆಂದರೆ ಎಲೆಮ್ ಕ್ಲಿಮೋವ್ ಅವರ ‘ಕಮ್ ಅಂಡ್ ಸೀ’, 1985ರದು. ಬೆಲಾರೂಸ್‌ನ ಹಳ್ಳಿಯ ಹುಡುಗ ಫ್ಲ್ಯೋರಾ ಮರಳಿನಲ್ಲಿ ಅಗೆದು ಬಂದೂಕು ಹುಡುಕಿ, ಅಮ್ಮ ಅತ್ತು ತಡೆದರೂ ಕೇಳದೆ, ಉತ್ಸಾಹದಿಂದ ಗೆರಿಲ್ಲಾ ಪಡೆ ಸೇರುತ್ತಾನೆ. ಕೆಲವೇ ದಿನಗಳಲ್ಲಿ ಅವನ ಮುಖ ಮುದುಕನ ಮುಖವಾಗುತ್ತದೆ. ಆ ಪಾತ್ರವನ್ನು ಮಾಡಿದ ಅಲೆಕ್ಸೆಯ್ ಕ್ರಾವ್ಚೆಂಕೊ ಆಗ ಹದಿಹರೆಯದ ಹುಡುಗ. ಚಿತ್ರಕಥೆಯಲ್ಲಿ ಕೈಜೋಡಿಸಿದ ಅಲೆಸ್ ಅದಮೋವಿಚ್ ತಾವೂ ಎಳೆಯ ವಯಸ್ಸಿನಲ್ಲೇ ಗೆರಿಲ್ಲಾ ಪಡೆಯಲ್ಲಿದ್ದವರು. ನಾಜಿ ಸೈನಿಕರು ಹಳ್ಳಿಯ ಜನರನ್ನು ಒಂದು ಕಟ್ಟಡಕ್ಕೆ ತುಂಬಿ ಬೆಂಕಿಯಿಡುವ ದೃಶ್ಯ ಕಟ್ಟುಕಥೆಯಲ್ಲ. ಬೆಲಾರೂಸ್‌ನಲ್ಲಿ 628 ಹಳ್ಳಿಗಳನ್ನು ಅವುಗಳ ನಿವಾಸಿಗಳ ಸಮೇತ ಸುಡಲಾಯಿತು ಎಂದು ಚಿತ್ರ ಕೊನೆಯಲ್ಲಿ ತಿಳಿಸುತ್ತದೆ. ಅದಕ್ಕೂ ಮೊದಲು ಫ್ಲ್ಯೋರಾ ಕೆಸರಲ್ಲಿ ಬಿದ್ದ ಹಿಟ್ಲರನ ಚಿತ್ರಪಟಕ್ಕೆ ಗುಂಡಿನ ಮೇಲೆ ಗುಂಡು ಹೊಡೆಯುತ್ತಾನೆ, ಒಂದೊಂದು ಗುಂಡಿಗೂ ಇತಿಹಾಸ ಹಿಂದಕ್ಕೆ ಓಡುತ್ತದೆ, ಕೊನೆಗೆ ತಾಯಿಯ ಮಡಿಲಲ್ಲಿರುವ ಕೂಸಿನ ಚಿತ್ರ ಬಂದಾಗ ಅವನ ಬೆರಳು ನಿಲ್ಲುತ್ತದೆ. ಎಲ್ಲವನ್ನೂ ಕಳೆದುಕೊಂಡ ಹುಡುಗ ಮಾಡದೆ ಬಿಟ್ಟ ಆ ಒಂದು ಕೆಲಸದಿಂದಲೇ ಅವನು ಇನ್ನೂ ಮನುಷ್ಯನಾಗಿ ಉಳಿದಿದ್ದಾನೆಂದು ನಮಗೆ ಗೊತ್ತಾಗುತ್ತದೆ. ಈ ಚಿತ್ರವನ್ನು ಒಮ್ಮೆ ಪೂರ್ತಿ ನೋಡಿದ ನಾನು ಮತ್ತೆ ನೋಡುವ ಧೈರ್ಯ ಮಾಡಿಲ್ಲ.

ಜಪಾನಿನ ಇಸಾವೊ ತಕಹತಾ 1988ರಲ್ಲಿ ಮಾಡಿದ ‘ಗ್ರೇವ್ ಆಫ್ ದಿ ಫೈರ್‌ಫ್ಲೈಸ್’ ಕೈಯಿಂದ ಬರೆದ ಚಿತ್ರಗಳಿಂದ ಕಟ್ಟಿದ ಅನಿಮೇಷನ್ ಎಂಬ ಕಾರಣಕ್ಕೆ ಪಟ್ಟಿಯಿಂದ ಹೊರಗುಳಿದಿದ್ದರೆ ಅದೊಂದು ದೊಡ್ಡ ಅನ್ಯಾಯ. ಸ್ಟ್ಯಾನ್ಲಿ ಕುಬ್ರಿಕ್ 1957ರಲ್ಲಿ ಮಾಡಿದ ‘ಪಾತ್ಸ್ ಆಫ್ ಗ್ಲೋರಿ’ ಪಟ್ಟಿಯಲ್ಲಿದೆ, ಸಂತೋಷ; ಆದರೆ ಅಲ್ಲಿಯೂ ಕಂದಕಗಳ ಉದ್ದಕ್ಕೂ ಸಾಗುವ ಕ್ಯಾಮೆರಾದ ಹೊಗಳಿಕೆಯಷ್ಟೇ ಇದೆ. ಫ್ರೆಂಚ್ ಸೇನೆಯವರು ತಮ್ಮವರನ್ನೇ ಹೇಡಿಗಳೆಂದು ಗುಂಡಿಟ್ಟು ಕೊಂದ ಮೇಲೆ, ಸೆರೆಸಿಕ್ಕ ಜರ್ಮನ್ ಹುಡುಗಿಯೊಬ್ಬಳು ಅಳುತ್ತಾ ಹಾಡುತ್ತಾಳೆ. ಮೊದಲು ಕೇಕೆ ಹಾಕಿದ ಸೈನಿಕರು ಭಾಷೆ ತಿಳಿಯದಿದ್ದರೂ ಕಣ್ಣೀರಿಡುತ್ತಾ ದನಿಗೂಡಿಸುತ್ತಾರೆ. ಮುಂಚೂಣಿಗೆ ಮರಳಬೇಕೆಂಬ ಆಜ್ಞೆ ಬಂದಾಗ ಹೊರಗೆ ನಿಂತ ಕರ್ನಲ್ ಡ್ಯಾಕ್ಸ್ ಅವರಿಗೆ ಇನ್ನೂ ಕೆಲವು ನಿಮಿಷ ಬಿಡುವು ಕೊಡಿ ಎನ್ನುತ್ತಾನೆ. ಅಲ್ಯೋಷಾನಿಗೆ ತಾಯಿಯ ಎದುರು ಸಿಕ್ಕಿದ್ದೂ ಅಷ್ಟೇ ನಿಮಿಷಗಳು.

ಇಂಥ ಚಿತ್ರಗಳನ್ನೇ ಎತ್ತಿಹಿಡಿದರೆ ಸೈನಿಕರ ಶೌರ್ಯಕ್ಕೆ ಬೆಲೆ ಇಲ್ಲವೇ ಎಂದು ಕೆಲವರು ಕೇಳಬಹುದು. ಕೊಡಗಿನಲ್ಲಿ ಹುಟ್ಟಿದ ನನಗೆ ಆ ಪ್ರಶ್ನೆಯ ಗಾಂಭೀರ್ಯ ಗೊತ್ತು. ನಮ್ಮವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ತಮ್ಮ ಮಿಸ್ಟೇರ್ ವಿಮಾನದಿಂದ ಅದಕ್ಕಿಂತ ಬಹಳ ವೇಗದ ಶತ್ರುವಿಮಾನ ಸ್ಟಾರ್‌ಫೈಟರ್ ಅನ್ನು ಎದುರಿಸಿ ಉರುಳಿಸಿದರು, ಮರಳಿ ಬರಲಿಲ್ಲ. ಅವರ ಸಾಹಸದ ನಿಜ ಸ್ವರೂಪ ಬೆಳಕಿಗೆ ಬಂದು ಮರಣೋತ್ತರ ಮಹಾವೀರ ಚಕ್ರ ಸಂದದ್ದು 1988ರಲ್ಲಿ. ಆಕಾಶದಲ್ಲಿ ನಡೆದ ಆ ಕೆಲವು ನಿಮಿಷಗಳ ಕಾಳಗವನ್ನು ಚಿತ್ರಿಸುವುದು ಸರಿಯೇ. ನೆಲದ ಮೇಲೆ ಅವರ ಮನೆಯವರು ಕಳೆದ ಇಪ್ಪತ್ತಮೂರು ವರ್ಷಗಳನ್ನು ಚಿತ್ರಿಸದೆ ಆ ಶೌರ್ಯದ ಪೂರ್ಣ ತೂಕ ನೋಡುಗನಿಗೆ ದಕ್ಕುವುದಿಲ್ಲ ಎಂಬುದಷ್ಟೇ ನನ್ನ ವಾದ.

ನಮ್ಮ ದೇಶದ ಚಿತ್ರಗಳಲ್ಲಿಯೂ ಇದನ್ನು ಬಲ್ಲವರಿದ್ದರು. 1962ರ ಯುದ್ಧ ಮುಗಿದು ಎರಡೇ ವರ್ಷಕ್ಕೆ, ಆ ಗಾಯ ಹಸಿಯಾಗಿದ್ದಾಗಲೇ, ಚೇತನ್ ಆನಂದ್ ‘ಹಕೀಕತ್’ ಮಾಡಿ ಲಡಾಖಿನ ಹಿಮದಲ್ಲಿ ಹಿಂದೆ ಸರಿಯುತ್ತಿರುವ ಸೈನಿಕರನ್ನು ತೋರಿಸಿದರು. ರಫಿ, ತಲತ್ ಮಹಮೂದ್, ಮನ್ನಾ ಡೇ, ಭೂಪಿಂದರ್ ನಾಲ್ವರೂ ಹಾಡಿದ ಅದರ ಗೀತೆಯೊಂದರಲ್ಲಿ ಸೈನಿಕರು ನೆನೆಯುವುದು ತಮ್ಮನ್ನು ಕಾಯುತ್ತಿರುವವರನ್ನು. ಕೈಫಿ ಆಜ್ಮಿ ಬರೆದು ಮದನ್ ಮೋಹನ್ ಸಂಗೀತ ಕೊಟ್ಟ ಆ ಹಾಡಿನಲ್ಲಿ ವೈರಿಯ ಹೆಸರೇ ಬರುವುದಿಲ್ಲ. ಕನ್ನಡದಲ್ಲಿ ರಾಜೇಂದ್ರಸಿಂಗ್ ಬಾಬು ಅವರ ‘ಮುತ್ತಿನ ಹಾರ’ 1990ರಲ್ಲಿ ಬಂದಿತು. ವಿಷ್ಣುವರ್ಧನ್ ಕೊಡಗಿನ ಸೈನಿಕನಾಗಿ, ಸುಹಾಸಿನಿ ಅವನ ಮಡದಿಯಾಗಿ ನಟಿಸಿದ ಆ ಚಿತ್ರದ ಯುದ್ಧದ ದೃಶ್ಯಗಳು ಇಂದು ಎಷ್ಟು ಮಂದಿಗೆ ನೆನಪಿವೆಯೋ ತಿಳಿಯದು, ಆದರೆ ಹಂಸಲೇಖರ ಸಂಗೀತದಲ್ಲಿ ಬಾಲಮುರಳಿಕೃಷ್ಣ ಹಾಡಿದ ದಾಂಪತ್ಯದ ಆ ಹಾಡು ಕೇಳಿದರೆ ನಮ್ಮೂರಿನ ಮಾಜಿ ಸೈನಿಕರ ಮನೆಗಳಲ್ಲಿ ಇಂದಿಗೂ ಮಾತು ನಿಲ್ಲುತ್ತದೆ. ಹತ್ತು ಚಿತ್ರಗಳ ಕನ್ನಡ ಪಟ್ಟಿಯಲ್ಲಿ ಈ ಹೆಸರು ಬಿಟ್ಟುಹೋದದ್ದಕ್ಕೆ ನನಗೆ ಯಾವ ಸಮರ್ಥನೆಯೂ ಕಾಣಲಿಲ್ಲ.

ಆದ್ದರಿಂದ ಮುಂದೊಮ್ಮೆ ಇಂಥ ಪಟ್ಟಿಯನ್ನು ಪ್ರಕಟಿಸುವಾಗ, ಆಯ್ಕೆಯ ಅಳತೆ ಯಾವುದೆಂಬುದನ್ನು ಓದುಗರಿಗೆ ಮೊದಲು ತಿಳಿಸಬೇಕೆಂದೂ, ‘ಬ್ಯಾಲಡ್ ಆಫ್ ಎ ಸೋಲ್ಜರ್’ ಬಗ್ಗೆ ಒಂದು ಪ್ರತ್ಯೇಕ ಲೇಖನವನ್ನಾದರೂ ಬರೆಸಬೇಕೆಂದೂ ಕೋರುತ್ತೇನೆ. ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿ ಚಲನಚಿತ್ರ ಕೂಟಗಳನ್ನು ನಡೆಸುತ್ತಿರುವ ಅಧ್ಯಾಪಕರಿಗೂ ಇದೇ ವಿನಂತಿ. ಅದು 88 ನಿಮಿಷಗಳ ಚಿತ್ರ. ಒಂದು ಮಧ್ಯಾಹ್ನದ ಎರಡು ತರಗತಿಗಳ ಅವಧಿಯಲ್ಲಿ ತೋರಿಸಿ ಮುಗಿಸಬಹುದು, ಮತ್ತು ಸೇನೆಗೆ ಸೇರಬೇಕೆಂದಿರುವ ಹುಡುಗರ ಜೊತೆ ಅವರ ತಾಯಂದಿರನ್ನೂ ಆ ದಿನ ಕರೆಯಬಹುದು.

ಇತಿ,
ನಿಮ್ಮ ಹಳೆಯ ಓದುಗ, ನಿವೃತ್ತ ಅಧ್ಯಾಪಕ
ವಿರಾಜಪೇಟೆ